ಮನೆಮಂದಿಯ ಮೊಬೈಲ್ ಬಿಲ್ ಕಟ್ಟೋದು: ನಾನು ಮಾಡಿಕೊಂಡ ಏರ್ಪಾಡು

ನಮ್ಮ ಮನೆಯ ಮೊಬೈಲ್ ಬಿಲ್‌ಗಳೆಲ್ಲ ನನ್ನ ಪಾಲಿಗೆ ಬಂದಿವೆ. ನನ್ನದು, ಹೆಂಡತಿಯದು, ಅಪ್ಪನದು, ಅತ್ತೆಯವರದು. ಅತ್ತೆಯವರದನ್ನು ಕಟ್ಟುವುದು ಅವರೇ, ನೋಡಿಕೊಳ್ಳುವುದು ಮಾತ್ರ ನಾನು. ಯಾರೂ ವಹಿಸಿದ್ದಲ್ಲ, ಒಂದು ಸಲ ಕಟ್ಟಿಕೊಟ್ಟೆ, ಅಷ್ಟೇ. ಇಂಥ ಕೆಲಸಗಳು ಹೀಗೇ ಅಲ್ವಾ, ಒಮ್ಮೆ ಮಾಡಿದವರದ್ದೇ ಆಗಿಬಿಡುತ್ತವೆ. ಕಟ್ಟುವ ದಾರಿಗಳಿಗೇನೂ ಈಗ ಬರವಿಲ್ಲ. ಕಂಪನಿಯ ಆ್ಯಪ್, ಬ್ಯಾಂಕಿನ ಆ್ಯಪ್, ಕಾರ್ಡ್, ವ್ಯಾಲೆಟ್, ಖಾತೆಯಿಂದ ತಾನಾಗಿ ಕಡಿತ, ಕೌಂಟರ್‌ನಲ್ಲಿ ನಗದು. ಹೆಚ್ಚುಕಡಿಮೆ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಎಲ್ಲ ಸರಿಯಾಗಿ ನಡೆಯುವಾಗ ಯಾವ ದಾರಿಯಾದರೂ ಒಂದೇ. ಎಡವಟ್ಟಾದಾಗಲೇ ವ್ಯತ್ಯಾಸ ಗೊತ್ತಾಗುವುದು.

ಈ ದಾರಿಗಳನ್ನು ನಾನು ಎರಡೇ ಗುಂಪು ಮಾಡಿಕೊಂಡಿದ್ದೇನೆ. ಒಂದು, ದುಡ್ಡನ್ನು ನಾನೇ ಕಳಿಸುವುದು. ಇನ್ನೊಂದು, ಕಂಪನಿಯೇ ನನ್ನ ಖಾತೆಯಿಂದ ತೆಗೆದುಕೊಳ್ಳುವುದು. ಯಾವ ಆ್ಯಪ್, ಯಾವ ಕಾರ್ಡ್ ಅನ್ನೋದೆಲ್ಲ ಆಮೇಲಿನ ಮಾತು. ನಾನೇ ಕಳಿಸುವುದಾದರೆ ಮರೆತುಹೋಗುವ ಭಯ. ಅವರೇ ತೆಗೆದುಕೊಂಡರೆ ಜಾಸ್ತಿ ತೆಗೆದುಕೊಂಡಾರು ಅನ್ನುವ ಭಯ. ಯಾವ ನಂಬರಿಗೆ ಯಾವ ಭಯ ದೊಡ್ಡದು ಅಂತ ನೋಡಿ ಹಂಚಿಕೊಂಡೆ. ನನ್ನದು ಮತ್ತು ಹೆಂಡತಿಯದು ಪ್ರತಿ ತಿಂಗಳೂ ಒಂದೇ ಮೊತ್ತ ಬರುವ ಪ್ಲಾನ್‌ಗಳು. ಅವೆರಡನ್ನೂ ಆಟೋಪೇಗೆ, ಅಂದರೆ ತಾನಾಗಿ ಕಡಿತವಾಗುವ ಏರ್ಪಾಡಿಗೆ, ಹಾಕಿದ್ದೇನೆ. ಅಪ್ಪನ ಬಿಲ್ ಏರುತ್ತೆ, ಇಳಿಯುತ್ತೆ. ಅದನ್ನು ನೋಡದೆ ಕಟ್ಟುವುದಿಲ್ಲ.

ದಾರಿ ಆರಿಸುವ ಮೊದಲು ಮಾಡಬೇಕಾದ ಕೆಲಸ ಒಂದಿದೆ. ಅದು ತಾರೀಕು ಸರಿಮಾಡಿಕೊಳ್ಳೋದು. ಬಿಲ್ ಮೇಲೆ ಎರಡು ತಾರೀಕು ಇರುತ್ತವೆ. ಬಿಲ್ ಹುಟ್ಟಿದ ದಿನ ಒಂದು, ಕಟ್ಟಲು ಕೊನೇ ದಿನ ಇನ್ನೊಂದು. ಕೊನೇ ದಿನ ಸಂಬಳ ಬರುವ ಮುಂಚೆ ಬಿದ್ದರೆ ಎಷ್ಟು ಒಳ್ಳೆಯ ಆ್ಯಪ್ ಇದ್ದರೂ ಏನು ಪ್ರಯೋಜನ? ಖಾತೆಯಲ್ಲಿ ದುಡ್ಡಿಲ್ಲದಾಗ ಆಟೋಪೇ ಬಂದರೆ ಕೆಲವು ಕಡೆ ಬ್ಯಾಂಕಿನವರೂ ದಂಡ ಹಾಕುತ್ತಾರೆ, ಮೊಬೈಲ್ ಕಂಪನಿಯವರೂ ಹಾಕುತ್ತಾರೆ. ಒಂದೇ ಬಿಲ್ಲಿಗೆ ಎರಡು ಕಡೆ ಪೆಟ್ಟು. ಬಿಲ್ಲಿಂಗ್ ದಿನ ಬದಲಿಸಿಕೊಡಿ ಅಂತ ಕೇಳಿದರೆ ಹಲವು ಕಂಪನಿಗಳು ಒಪ್ಪುತ್ತವೆ. ನಾನು ಕೇಳಿ ಬದಲಿಸಿಕೊಂಡೆ. ಬದಲಾದ ತಿಂಗಳು ಮಾತ್ರ ಮುರಿದ ಲೆಕ್ಕದ ಬಿಲ್ ಬರುತ್ತದೆ, ನೋಡಿ ಗಾಬರಿಯಾಗಬೇಡಿ. ಇಷ್ಟು ದಿನಕ್ಕೆ ಇಷ್ಟು ಅಂತ ಹಾಕಿರುತ್ತಾರೆ. ಮುಂದಿನ ತಿಂಗಳಿಂದ ಎಂದಿನಂತೆ.

ಆಟೋಪೇ ಅಂದರೂ ಅದರಲ್ಲಿ ಎರಡು ಬಗೆ. ಕಾರ್ಡಿನ ಮೇಲೆ ಒಪ್ಪಿಗೆ ಕೊಡುವುದು ಒಂದು, ಬ್ಯಾಂಕ್ ಖಾತೆಯ ಮೇಲೆ ಕೊಡುವುದು ಇನ್ನೊಂದು. ಕಾರ್ಡಿನ ಕಷ್ಟವೆಂದರೆ ಅದಕ್ಕೆ ಆಯುಸ್ಸಿದೆ. ಅವಧಿ ಮುಗಿದು ಹೊಸ ಕಾರ್ಡ್ ಬಂತು, ಇಲ್ಲವೇ ಹಳೆಯದು ಕಳೆದು ಬ್ಲಾಕ್ ಮಾಡಿಸಿದಿರಿ ಅಂದುಕೊಳ್ಳಿ. ಹಳೆಯ ಕಾರ್ಡಿಗೆ ಕೊಟ್ಟ ಒಪ್ಪಿಗೆ ಕೆಲಸ ಮಾಡದೇ ಹೋಗಬಹುದು. ಹೊಸ ಕಾರ್ಡಿನ ವಿವರವನ್ನು ತಾವಾಗಿಯೇ ವ್ಯಾಪಾರಿಗಳಿಗೆ ಮುಟ್ಟಿಸುವ ಸೇವೆಗಳನ್ನು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ನೆಟ್‌ವರ್ಕ್‌ಗಳು ಇಟ್ಟಿವೆ. ಆದರೆ ಎಲ್ಲ ಬ್ಯಾಂಕು, ಎಲ್ಲ ದೇಶಗಳಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ. ಹಾಗಾಗಿ ಹೊಸ ಕಾರ್ಡ್ ಕೈಗೆ ಬಂದ ದಿನವೇ ಅದು ಎಲ್ಲೆಲ್ಲಿ ಕೂತಿದೆ ಅಂತ ಹುಡುಕಿ ಬದಲಿಸುತ್ತೇನೆ.

ಕಾರ್ಡಿಗೆ ಅನುಕೂಲವೂ ಇದೆ. ತಪ್ಪು ಮೊತ್ತ ಹೋದರೆ ಕಾರ್ಡ್ ಕೊಟ್ಟ ಬ್ಯಾಂಕಿನಲ್ಲಿ ತಕರಾರು ಹಾಕಬಹುದು. ಕ್ರೆಡಿಟ್ ಕಾರ್ಡಾದರೆ ಅಷ್ಟರೊಳಗೆ ನಮ್ಮ ಖಾತೆಯ ದುಡ್ಡು ಹೋಗಿರುವುದಿಲ್ಲ. ಅಮೆರಿಕದಲ್ಲಿ ಕೆಲವು ಕ್ರೆಡಿಟ್ ಕಾರ್ಡ್‌ಗಳು, ತಿಂಗಳ ಬಿಲ್ ಅದರಲ್ಲೇ ಕಟ್ಟಿದರೆ ಫೋನ್ ಒಡೆದಾಗ, ಕಳುವಾದಾಗ ವಿಮೆ ಕೊಡುತ್ತವೆ. ಅದೇ ಅಮೆರಿಕದಲ್ಲಿ ದೊಡ್ಡ ಕಂಪನಿಗಳು ಆಟೋಪೇ ರಿಯಾಯಿತಿಯನ್ನು ಪೂರ್ತಿ ಕೊಡುವುದು ಬ್ಯಾಂಕ್ ಖಾತೆಗೆ, ಕೆಲವು ಕಡೆ ಡೆಬಿಟ್ ಕಾರ್ಡಿಗೂ. ಕ್ರೆಡಿಟ್ ಕಾರ್ಡಿಗೆ ಕಡಿಮೆ, ಇಲ್ಲವೇ ಏನೂ ಇಲ್ಲ. ಅಂದರೆ ವಿಮೆ ಬೇಕಾ, ರಿಯಾಯಿತಿ ಬೇಕಾ ಅಂತ ಲೆಕ್ಕ ಹಾಕಬೇಕು.

ಬ್ಯಾಂಕ್ ಖಾತೆಯಿಂದ ತೆಗೆಯಲು ಒಪ್ಪಿಗೆ ಕೊಡಲು ಹೆದರುವವರು ಬಹಳ. ನನಗೂ ಹಿಂಜರಿಕೆ ಇತ್ತು, ನಿಯಮ ಓದಿದ ಮೇಲೆ ಹೋಯಿತು. ಯೂರೋಪಿನ ಹಲವು ದೇಶಗಳಿಗೆ ಸೆಪಾ ಅಂತ ಒಂದೇ ಪಾವತಿ ವ್ಯವಸ್ಥೆ ಇದೆ. ಅದರ ಡೈರೆಕ್ಟ್ ಡೆಬಿಟ್‌ನಲ್ಲಿ, ಅಂದರೆ ಖಾತೆಯಿಂದ ನೇರ ಕಡಿತದಲ್ಲಿ, ದುಡ್ಡು ಹೋದ 8 ವಾರದೊಳಗೆ ಕಾರಣ ಹೇಳದೆಯೇ ವಾಪಸ್ ಕೇಳಬಹುದು. ಒಪ್ಪಿಗೆಯನ್ನೇ ಕೊಟ್ಟಿರಲಿಲ್ಲ ಅನ್ನುವುದಾದರೆ 13 ತಿಂಗಳವರೆಗೂ ಸಮಯವಿದೆ. ಬ್ರಿಟನ್ನಿನಲ್ಲಿ ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅಂತ ಇದೆ. ತಪ್ಪಾಗಿ ತೆಗೆದರೆ ದುಡ್ಡು ಮರಳಿಸುವುದು ನಿಮ್ಮ ಬ್ಯಾಂಕಿನ ಹೊಣೆ, ಕಂಪನಿಯ ಹಿಂದೆ ನೀವು ಅಲೆಯಬೇಕಿಲ್ಲ. ಅಮೆರಿಕದಲ್ಲಿ ಕಡಿತಕ್ಕೆ ಕನಿಷ್ಠ 3 ಕೆಲಸದ ದಿನ ಮೊದಲು ಹೇಳಿದರೆ ಬ್ಯಾಂಕು ಅದನ್ನು ತಡೆಯಬೇಕು. ಭಾರತದಲ್ಲಿ ಕಾರ್ಡ್ ಮತ್ತು ಯುಪಿಐ ಒಪ್ಪಿಗೆಗಳಿಗೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ದುಡ್ಡು ತೆಗೆಯುವ 24 ಗಂಟೆ ಮೊದಲೇ ಸಂದೇಶ ಬರಬೇಕು. 2022ರಿಂದ 15,000 ರೂಪಾಯಿವರೆಗಿನ ಇಂಥ ಕಡಿತಕ್ಕೆ ಪ್ರತಿ ಸಲ ಓಟಿಪಿ ಬೇಡ. ಅದಕ್ಕಿಂತ ಜಾಸ್ತಿಯಿದ್ದರೆ ನೀವೇ ಒಪ್ಪಬೇಕು.

ಆ 24 ಗಂಟೆಯ ಸಂದೇಶವನ್ನು ಸುಮ್ನೆ ಒರೆಸಿ ಹಾಕುವವರೇ ಹೆಚ್ಚು. ನಾನು ಅದನ್ನೇ ಬಿಲ್ ನೋಡು ಅನ್ನುವ ಎಚ್ಚರಿಕೆ ಅಂತ ಇಟ್ಟುಕೊಂಡಿದ್ದೇನೆ. ಇನ್ನೊಂದು ವಿಷಯ. ಒಪ್ಪಿಗೆ ಕೊಡುವಾಗ ಗರಿಷ್ಠ ಮೊತ್ತ ಕೇಳುತ್ತಾರೆ. ಕಂಪನಿಯ ಪುಟದಲ್ಲಿ ಮೊದಲೇ ದೊಡ್ಡ ಅಂಕಿ ತುಂಬಿರುತ್ತದೆ. ತಿದ್ದಲು ಬಿಟ್ಟರೆ ತಿದ್ದಿ. ನಾನು ಮಾಮೂಲಿ ಬಿಲ್ಲಿಗಿಂತ ಸ್ವಲ್ಪ ಮೇಲೆ ಇಡುತ್ತೇನೆ. ಬಿಲ್ ಅದನ್ನು ದಾಟಿದರೆ ಕಡಿತ ನಿಲ್ಲುತ್ತದೆ, ನಾನು ಹೋಗಿ ಏಕೆ ಅಂತ ನೋಡುತ್ತೇನೆ. ಹಾಗೆ ನಿಲ್ಲಬೇಕು ಅಂತಲೇ ಇಟ್ಟದ್ದು.

ಅಪ್ಪನ ಬಿಲ್ ಏರುವುದಕ್ಕೆ ಕಾರಣ ಅವರು ಮಾಡುವ ಕರೆಗಳಲ್ಲ. ಫೋನಿನಲ್ಲಿ ಏನೋ ಒತ್ತಿ ಯಾವುದೋ ಸೇವೆ ಶುರುವಾಗಿರುತ್ತದೆ, ಇಲ್ಲವೇ ಗೇಮಿನಲ್ಲೋ ಆ್ಯಪಿನಲ್ಲೋ ಕೊಂಡದ್ದು ಮೊಬೈಲ್ ಬಿಲ್ಲಿಗೇ ಸೇರಿರುತ್ತದೆ. ಹಾಗೆ ಬಿಲ್ಲಿಗೆ ಸೇರಿಸುವ ಸೌಲಭ್ಯವನ್ನು ಪೂರ್ತಿ ಮುಚ್ಚಿಸಬಹುದು. ಕಸ್ಟಮರ್ ಕೇರ್‌ಗೆ ಹೇಳಿ ಅಪ್ಪನದಕ್ಕೆ ಮುಚ್ಚಿಸಿದೆ. ರೋಮಿಂಗ್ ಕೂಡ ಬೇಕಾದಾಗ ಮಾತ್ರ ತೆರೆಸುತ್ತೇವೆ. "ಬಿಲ್ಲೇ ನೋಡದೆ ದುಡ್ಡು ಕೊಡೋದು ಯಾವ ಸೀಮೆ ಪದ್ಧತಿನೋ" ಅಂತ ಅಪ್ಪ ಆಟೋಪೇ ಬಗ್ಗೆ ಗೊಣಗುತ್ತಾರೆ. ಅವರ ಬಿಲ್ ಮಟ್ಟಿಗೆ ಅವರ ಮಾತೇ ಸರಿ.

ಇನ್ನು ನಾನೇ ಕಳಿಸುವ ದಾರಿ. ಕಂಪನಿಯ ಸ್ವಂತ ಆ್ಯಪಿನಲ್ಲಿ ಕಟ್ಟಿದರೆ ಸಾಮಾನ್ಯವಾಗಿ ಆಗಲೇ ಜಮಾ ತೋರಿಸುತ್ತದೆ. ಬೇರೆಯವರ ಆ್ಯಪ್ ಅಥವಾ ಬ್ಯಾಂಕಿನ ಮೂಲಕ ಹೋದರೆ ನಡುವೆ ಇನ್ನೊಬ್ಬರು ಇರುತ್ತಾರೆ. ಆಗ ನಾನು ನೋಡುವುದು ಇಷ್ಟೇ: ನಂಬರ್ ಹಾಕಿದ ಕೂಡಲೇ ಗ್ರಾಹಕರ ಹೆಸರು, ಬಿಲ್ ಮೊತ್ತ ತಾನಾಗಿ ಬರುತ್ತದಾ? ಬಂದರೆ ಅದು ಕಂಪನಿಯ ಲೆಕ್ಕದಿಂದಲೇ ಬಂದದ್ದು. ಭಾರತದ ಭಾರತ್ ಬಿಲ್ ಪೇಮೆಂಟ್ ವ್ಯವಸ್ಥೆ ಹೀಗೆ ಕೆಲಸ ಮಾಡುತ್ತದೆ. ಹೆಸರು ಬೇರೆ ಬಂದರೆ ಅಂಕಿ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಹೆಸರೂ ಇಲ್ಲ, ಮೊತ್ತವೂ ಇಲ್ಲ, ನಾವೇ ತುಂಬಬೇಕು ಅನ್ನುವ ಕಡೆ ನಾನು ಕಟ್ಟುವುದಿಲ್ಲ. ಅಮೆರಿಕದ ಬ್ಯಾಂಕುಗಳ ಬಿಲ್ ಪೇನಲ್ಲಿ ಒಂದು ತಮಾಷೆ ಇದೆ. ನೀವು ಕಂಪ್ಯೂಟರಿನಲ್ಲಿ ಬಟನ್ ಒತ್ತುತ್ತೀರಿ, ಕೆಲವು ಸಲ ಬ್ಯಾಂಕು ಕಾಗದದ ಚೆಕ್ ಬರೆದು ಅಂಚೆಯಲ್ಲಿ ಕಳಿಸುತ್ತದೆ! ಕೊನೇ ದಿನ ಒತ್ತಿದರೆ ಅದು ಮುಟ್ಟುವುದು ಯಾವಾಗಲೋ.

ಖಾತೆಯಿಂದ ದುಡ್ಡು ಹೋಯಿತು, ಬಿಲ್ ಮಾತ್ರ ಬಾಕಿ ತೋರಿಸುತ್ತಿದೆ. ಇದು ಎಲ್ಲರಿಗೂ ಒಮ್ಮೆಯಾದರೂ ಆಗುವಂಥದ್ದು. ಇಂಥ ಹೊತ್ತಿನಲ್ಲಿ ತಕ್ಷಣ ಮತ್ತೆ ಕಟ್ಟಬೇಡಿ. ವಹಿವಾಟಿನ ನಂಬರ್ ಬರೆದಿಟ್ಟುಕೊಳ್ಳಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಮೊದಲು ದುಡ್ಡು ಹೋದ ಕಡೆ ಕೇಳಿ, ಆಮೇಲೆ ಮೊಬೈಲ್ ಕಂಪನಿಯನ್ನು. ಭಾರತದಲ್ಲಿ ವ್ಯಾಪಾರಿಗೆ ಮಾಡಿದ ಯುಪಿಐ ಪಾವತಿ ಹೀಗೆ ನಡುವೆ ಸಿಕ್ಕಿಕೊಂಡರೆ ವಹಿವಾಟಿನ ದಿನದಿಂದ 5 ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2019ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತದೆ. ಎರಡು ಸಲ ಕಟ್ಟಿಹೋದರೂ ಸಾಮಾನ್ಯವಾಗಿ ಹೆಚ್ಚುವರಿ ದುಡ್ಡು ಮುಂದಿನ ಬಿಲ್ಲಿಗೆ ಮುಂಗಡವಾಗಿ ಕೂರುತ್ತದೆ. ಈ ಸಲುವಾಗಿಯೇ ಕೊನೇ ದಿನದವರೆಗೆ ಕಾಯುವುದಿಲ್ಲ. ಒಂದು ವಾರ ಮೊದಲೇ ಕಟ್ಟಿದರೆ ಸಿಕ್ಕಿಕೊಂಡ ದುಡ್ಡು ಬಿಡಿಸಿಕೊಳ್ಳಲು ಸಮಯ ಇರುತ್ತದೆ.

ಮೊಬೈಲ್ ಬಿಲ್ಲಿಗೂ ಬೇರೆ ಬಿಲ್‌ಗಳಿಗೂ ದೊಡ್ಡ ವ್ಯತ್ಯಾಸ ಒಂದಿದೆ. ಕರೆಂಟ್ ಬಿಲ್ ಕಟ್ಟದೆ ಕರೆಂಟ್ ಹೋದರೆ ಮೊಬೈಲಿನಿಂದ ಕಟ್ಟಬಹುದು. ಮೊಬೈಲ್ ಬಿಲ್ಲೇ ಬಾಕಿಯಾಗಿ ಮೊಬೈಲೇ ನಿಂತರೆ? ಕಟ್ಟಲು ಬ್ಯಾಂಕಿನ ಓಟಿಪಿ ಬೇಕು, ಓಟಿಪಿ ಬರಬೇಕಾದದ್ದು ಅದೇ ನಂಬರಿಗೆ. ಬೀಗದ ಕೈಯನ್ನು ಒಳಗಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಸಾಮಾನ್ಯವಾಗಿ ಮೊದಲು ಹೊರಹೋಗುವ ಕರೆ ಮತ್ತು ಡೇಟಾ ನಿಲ್ಲಿಸುತ್ತಾರೆ, ಒಳಬರುವುದು ಸ್ವಲ್ಪ ಕಾಲ ಇರುತ್ತದೆ. ಆ ಸಮಯದಲ್ಲಿ ಯಾವುದಾದರೂ ವೈಫೈ ಹಿಡಿದು ಕಟ್ಟಿಬಿಡಬೇಕು. ಅದೂ ದಾಟಿದರೆ ಬೇರೆಯವರ ಸಹಾಯ ಬೇಕು. ಹಲವು ಕಂಪನಿಗಳಲ್ಲಿ ಲಾಗಿನ್ ಇಲ್ಲದೆ, ಬರೀ ನಂಬರ್ ಹಾಕಿ ಯಾರ ಬಿಲ್ಲನ್ನು ಯಾರು ಬೇಕಾದರೂ ಕಟ್ಟಬಹುದು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ. ಕೊನೇ ದಿನಕ್ಕೆ ಇನ್ನೂ ಸಮಯವಿದ್ದರೂ, ಬಳಕೆ ಕ್ರೆಡಿಟ್ ಲಿಮಿಟ್ (ಕಂಪನಿ ಸಾಲವಾಗಿ ಬಳಸಲು ಬಿಡುವ ಮಿತಿ) ದಾಟಿದರೆ ಸೇವೆ ನಿಲ್ಲಬಹುದು ಅನ್ನುವುದೂ ನೆನಪಿರಲಿ. ರೋಮಿಂಗ್‌ನಲ್ಲಿ ಇರುವವರಿಗೆ ಇದು ಬೇಗ ಆಗುತ್ತದೆ.

ನಾಲ್ಕೂ ನಂಬರ್ ಸೇರಿಸಿ ಫ್ಯಾಮಿಲಿ ಪ್ಲಾನ್ ಮಾಡಿ, ಒಂದೇ ಬಿಲ್ ಬರುತ್ತೆ ಅಂತ ಕಂಪನಿಯವರು ಆಗಾಗ ಹೇಳುತ್ತಾರೆ. ದುಡ್ಡು ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಆ ಒಂದು ಬಿಲ್ ಎಡವಿದರೆ ಮನೆಯ ಎಲ್ಲ ಫೋನೂ ಒಟ್ಟಿಗೆ ನಿಲ್ಲುತ್ತವೆ. ನಾನಂತೂ ನಂಬರ್‌ಗಳನ್ನು ಬೇರೆಬೇರೆಯಾಗಿಯೇ ಇಟ್ಟಿದ್ದೇನೆ. ಉಳಿತಾಯ ಮುಖ್ಯ ಅನ್ನುವವರು ಸೇರಿಸಿಕೊಳ್ಳಲಿ, ತಪ್ಪೇನಿಲ್ಲ.

ತುಂಬಾ ದಿನ ಕಟ್ಟದಿದ್ದರೆ ನಂಬರೇ ಕೈಬಿಟ್ಟು ಹೋಗುತ್ತದೆ. ಅದು ಮುಂದೆ ಇನ್ನೊಬ್ಬರ ಕೈಗೆ ಹೋಗುವುದೂ ಉಂಟು. ಅಮೆರಿಕದಲ್ಲಿ ನಿಂತುಹೋದ ನಂಬರನ್ನು ಕನಿಷ್ಠ 45 ದಿನ ಯಾರಿಗೂ ಕೊಡುವಂತಿಲ್ಲ, ಭಾರತದಲ್ಲಿ 90 ದಿನ. ಆಮೇಲೆ ನಿಮ್ಮ ಓಟಿಪಿಗಳು ಬೇರೆ ಯಾರದೋ ಫೋನಿಗೆ ಹೋಗಬಹುದು. ದಂಡಕ್ಕಿಂತ ನನಗೆ ಇದರದ್ದೇ ಹೆಚ್ಚು ಹೆದರಿಕೆ.

ಅತ್ತೆಯವರು ಕೌಂಟರಿಗೇ ಹೋಗಿ ನಗದು ಕಟ್ಟುತ್ತಾರೆ. ಅವರಿಗೆ ರಸೀದಿ ಕೈಯಲ್ಲಿ ಹಿಡಿದರೇ ಸಮಾಧಾನ. ನಾನು ಬದಲಿಸಲು ಹೋಗಿಲ್ಲ. ಯಾವ ಖಾತೆಯೂ ಜೋಡಿಸಿಲ್ಲ ಅಂದ ಮೇಲೆ ಕದಿಯಲು ಏನೂ ಇಲ್ಲ ನೋಡಿ. ರಸೀದಿಯಲ್ಲಿ ನಂಬರ್, ತಾರೀಕು, ಮೊತ್ತ ಮೂರೂ ಇವೆಯಾ ಅಂತ ಮಾತ್ರ ಅಲ್ಲೇ ನೋಡಿಕೊಳ್ಳಬೇಕು.

ಮೋಸದ ಸಂದೇಶಗಳ ಬಗ್ಗೆಯೂ ಹೇಳಬೇಕು. "ಬಿಲ್ ಬಾಕಿ ಇದೆ, ಇಂದು ರಾತ್ರಿ ಸಂಪರ್ಕ ಕಡಿತ, ಈ ಲಿಂಕ್ ಒತ್ತಿ" ಅಂತ ಬರುತ್ತದೆ. ಬಿಲ್ ನಿಜವಾಗಿ ಬಾಕಿ ಇರುವ ವಾರದಲ್ಲೇ ಬಂದರೆ ಯಾರಾದರೂ ನಂಬಿಯಾರು. ಸಂದೇಶದಲ್ಲಿ ಬಂದ ಲಿಂಕಿನಿಂದ ನಮ್ಮ ಮನೆಯಲ್ಲಿ ಯಾರೂ ಬಿಲ್ ಕಟ್ಟುವುದಿಲ್ಲ, ಅದು ಕಂಪನಿಯ ಅಸಲಿ ಲಿಂಕೇ ಆಗಿದ್ದರೂ. ಆ್ಯಪ್ ನಾವೇ ತೆರೆದು ನೋಡುತ್ತೇವೆ. ಕಸ್ಟಮರ್ ಕೇರ್ ನಂಬರನ್ನೂ ಇಂಟರ್ನೆಟ್ಟಿನಲ್ಲಿ ಹುಡುಕುವುದಿಲ್ಲ, ಬಿಲ್ಲಿನ ಮೇಲೆಯೇ ಅಚ್ಚಾಗಿರುತ್ತದೆ. ದುಡ್ಡು ವಾಪಸ್ ಕೊಡುತ್ತೇವೆ, ಪಿನ್ ಒತ್ತಿ ಅಂತ ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಡ.

ಕಂಪನಿ ಬದಲಿಸುವಾಗಿನ ಲೆಕ್ಕ ಬೇರೆ. ಅದೇ ನಂಬರ್ ಇಟ್ಟುಕೊಂಡು ಬೇರೆ ಕಂಪನಿಗೆ ಹೋದ ಮೇಲೂ ಹಳೆಯವರಿಂದ ಕೊನೆಯ ಬಿಲ್ ಒಂದು ಬರುತ್ತದೆ. ಹೋದೆವಲ್ಲ ಅಂತ ಆಟೋಪೇಯನ್ನು ಆಗಲೇ ತೆಗೆದುಹಾಕಿದರೆ ಆ ಬಿಲ್ ಬಾಕಿ ಉಳಿಯುತ್ತದೆ. ಭಾರತದಲ್ಲಿ ಹಳೆಯ ಬಾಕಿ ಕಟ್ಟದಿದ್ದರೆ ಹೊಸ ಕಂಪನಿಯಲ್ಲಿರುವ ನಂಬರನ್ನೂ ನಿಲ್ಲಿಸಲು ಅವಕಾಶವಿದೆ. ಹೆಂಡತಿಯ ನಂಬರ್ ಬದಲಿಸಿದಾಗ ಕೊನೆಯ ಬಿಲ್ ಬರುವವರೆಗೆ ಕಾದು, ಕಟ್ಟಿ, ಬಾಕಿ ಏನೂ ಇಲ್ಲ ಅಂತ ಅವರಿಂದ ಇಮೇಲ್ ತರಿಸಿಕೊಂಡೆ. ಆಮೇಲೆ ಒಪ್ಪಿಗೆ ರದ್ದು ಮಾಡಿದೆ. ಅದನ್ನು ಮೊಬೈಲ್ ಕಂಪನಿಯ ಆ್ಯಪಿನಲ್ಲಿ ಮಾಡಿದರೆ ಸಾಲದು. ಬ್ಯಾಂಕ್ ಅಥವಾ ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿ ತೆರೆದು, ಆ ಹೆಸರಿನ ಮುಂದೆ ರದ್ದಾಗಿದೆ ಅಂತ ಬಂದಿದೆಯಾ ಅಂತ ನೋಡಿಯೇ ಹಳೆಯ ಆ್ಯಪ್ ತೆಗೆದುಹಾಕಿದ್ದು.