ದಿನಕ್ಕೊಂದು ಪದರ: ಮಗಳೊಂದಿಗೆ ಕಾಗದದ ಬಟ್ಟಲು ಮಾಡಿದ ನನ್ನ ಅನುಭವ

ಅಚ್ಚಿಗೆ ಕಾಗದದ ಪಟ್ಟಿಗಳನ್ನು ಪದರ ಪದರವಾಗಿ ಅಂಟಿಸಿ ಮಗಳೂ ನಾನೂ ಸೇರಿ ಮಾಡಿದ ಬಟ್ಟಲುಗಳು ಈಗ 30 ದಾಟಿವೆ. ಕೊನೆಯ 20ರಲ್ಲಿ ಒಂದೂ ಸೊಟ್ಟಗಾಗಿಲ್ಲ, ಒಂದಕ್ಕೂ ಬೂಷ್ಟು ಹಿಡಿದಿಲ್ಲ, ಒಂದರ ಪದರವೂ ಬಿಟ್ಟುಕೊಂಡಿಲ್ಲ. ಅದಕ್ಕಿಂತ ದೊಡ್ಡ ಸಂತೋಷವೆಂದರೆ, ಇವುಗಳಲ್ಲಿ ಯಾವುದನ್ನೂ ಅವಳು ಅರ್ಧಕ್ಕೆ ಬಿಟ್ಟು ಹೋಗಿ ನಾನೊಬ್ಬನೇ ಕುಳಿತು ಮುಗಿಸಿದ್ದಿಲ್ಲ. ದಿನಕ್ಕೆ ಒಂದೇ ಪದರ, ಒಟ್ಟು ಎಂಟು ಪದರ ಎಂಬ ಕ್ರಮವನ್ನು ಮೊದಲು ಹೇಳಿದಾಗ, ಮಕ್ಕಳೊಂದಿಗೆ ಇಂಥ ಕೆಲಸ ಮಾಡುವ ಪರಿಚಿತ ಹೆತ್ತವರಲ್ಲಿ ಯಾರೂ ಒಪ್ಪಿರಲಿಲ್ಲ. ಹಲವು ವರ್ಷ ಮಕ್ಕಳಿಗೆ ಕರಕುಶಲ ಕಲಿಸಿದ ನನ್ನ ಅಕ್ಕನೇ, "ಆರು ವರ್ಷದ ಮಗು ಎಂಟು ದಿನ ಕಾಯುತ್ತದೆಯೇನೋ? ಮಾಡಿದ್ದು ಅಂದೇ ಸಂಜೆ ಕೈಗೆ ಸಿಗಬೇಕು, ಇಲ್ಲದಿದ್ದರೆ ಮರುದಿನ ಅದರ ಕಡೆ ತಿರುಗಿಯೂ ನೋಡುವುದಿಲ್ಲ" ಎಂದಿದ್ದಳು. ಅವಳ ಅನುಭವ ದೊಡ್ಡದು ಎಂಬ ಕಾರಣಕ್ಕೆ ಮೊದಲ ಏಳೆಂಟು ತಿಂಗಳು ನಾನು ಅವಳ ಮಾತಿನಂತೆಯೇ ನಡೆದೆ. ನನ್ನ ಸೋಲುಗಳಲ್ಲಿ ಹೆಚ್ಚಿನವು ಆ ತಿಂಗಳುಗಳಿಗೆ ಸೇರಿದವು.

ಒಂದೇ ಸಂಜೆಯಲ್ಲಿ ಮುಗಿಸಬೇಕೆಂದು ಹೊರಟರೆ ಐದಾರು ಪದರಗಳನ್ನು ಹಸಿಯಾಗಿಯೇ ಒಂದರ ಮೇಲೊಂದು ಅಂಟಿಸಬೇಕಾಗುತ್ತದೆ. ಹೊರಗಿನ ಪದರ ಬೇಗ ಒಣಗಿ ಬಿಗಿಯಾಗುತ್ತದೆ, ಒಳಗಿನದು ಒದ್ದೆಯಾಗಿಯೇ ಉಳಿಯುತ್ತದೆ. ಮುಟ್ಟಿ ನೋಡಿದರೆ ಒಣಗಿದೆ ಎನ್ನಿಸುವುದರಿಂದ ಬಣ್ಣವನ್ನೂ ಹಚ್ಚಿಬಿಡುತ್ತೇವೆ. ಒಳಗಿನ ತೇವಕ್ಕೆ ಹೊರಬರುವ ದಾರಿಯೇ ಮುಚ್ಚಿಹೋಗುತ್ತದೆ. ಹೀಗೆ ಮಾಡಿದ ಮೊದಲ 15 ಬಟ್ಟಲುಗಳಲ್ಲಿ, ನನ್ನ ನೆನಪಿನಂತೆ, ಒಂಬತ್ತಕ್ಕೆ ಎರಡು ವಾರದೊಳಗೆ ಬೂಷ್ಟು ಬಂದಿತ್ತು. ಮಗಳು ತನ್ನ ಪೆನ್ಸಿಲ್‌ಗಳನ್ನು ಇಟ್ಟುಕೊಂಡಿದ್ದ ಹಳದಿ ಬಟ್ಟಲಿನ ತಳದಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡು, ಅದನ್ನು ಎಸೆಯಬೇಕಾದ ದಿನ ಅವಳು ಅತ್ತದ್ದು ನನಗೆ ಇಂದಿಗೂ ನೆನಪಿದೆ. ಬೂಷ್ಟು ತಡೆಯಲು ಹಿಟ್ಟಿನ ಅಂಟಿಗೆ ಉಪ್ಪು ಹಾಕಬೇಕೆಂದು ಎಲ್ಲರೂ ಹೇಳುತ್ತಾರೆ, ನಾನೂ ಹಾಕಿದೆ. ಉಪ್ಪು ಬೂಷ್ಟನ್ನು ತಡೆಯುವುದು ನಿಜ, ಆದರೆ ಗಾಳಿಯ ತೇವವನ್ನು ಹೀರಿಕೊಳ್ಳುವುದೂ ಅದೇ ಉಪ್ಪು. ತೇವದ ದಿನಗಳಲ್ಲಿ ಉಪ್ಪು ಹಾಕಿದ ಬಟ್ಟಲು ಅಂಚಿನಲ್ಲಿ ಮೆತ್ತಗಾಗಿ, ಹೆಬ್ಬೆರಳಿನಿಂದ ಒತ್ತಿದರೆ ಬಾಗುತ್ತಿತ್ತು. ಈಗ ನಾನು ಉಪ್ಪು ಹಾಕುವುದಿಲ್ಲ. ಎರಡು ದಿನಕ್ಕೆ ಸಾಲುವಷ್ಟೇ ಅಂಟು ಕಾಯಿಸಿ, ಅದಕ್ಕೆ ಮೂರು ನಾಲ್ಕು ಹನಿ ಲವಂಗದ ಎಣ್ಣೆ ಬೆರೆಸುತ್ತೇನೆ. ಪದರಗಳು ದಿನಕ್ಕೊಂದರಂತೆ ಪೂರ್ತಿ ಒಣಗುವುದರಿಂದ ಬೂಷ್ಟಿಗೆ ಅವಕಾಶವೇ ಇಲ್ಲ.

ಬಲೂನಿನ ಕಥೆಯನ್ನೂ ಹೇಳಿಬಿಡಬೇಕು, ಏಕೆಂದರೆ ಬಹುತೇಕ ಎಲ್ಲರೂ ಅಲ್ಲಿಂದಲೇ ಆರಂಭಿಸುತ್ತಾರೆ. ಬಲೂನಿನ ಮೇಲೆ ಕಾಗದ ಅಂಟಿಸಿ ಬಿಸಿಲಿನಲ್ಲಿಟ್ಟರೆ ಒಳಗಿನ ಗಾಳಿ ಹಿಗ್ಗಿ ಪದರ ಬಿರಿಯುತ್ತದೆ ಅಥವಾ ಬಲೂನೇ ಒಡೆಯುತ್ತದೆ. ನೆರಳಿನಲ್ಲಿಟ್ಟರೆ ರಾತ್ರಿಯ ತಂಪಿಗೆ ಕುಗ್ಗಿ, ಇನ್ನೂ ಹಸಿಯಾಗಿರುವ ಕಾಗದವನ್ನು ಒಳಕ್ಕೆ ಎಳೆದುಕೊಂಡು ಗುಳಿ ಬೀಳಿಸುತ್ತದೆ. ಹನ್ನೊಂದೋ ಹನ್ನೆರಡೋ ಬಲೂನುಗಳ ನಂತರ ನಾನು ಅದನ್ನು ಬಿಟ್ಟೆ. ಇನ್ನೊಂದು ಕಾರಣವೂ ಇದೆ. ಒಡೆದ ಬಲೂನಿನ ಚೂರು ಮಗುವಿನ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ. ಅಮೆರಿಕದಲ್ಲಿ ಬಲೂನಿನ ಪೊಟ್ಟಣದ ಮೇಲೆ 8 ವರ್ಷಕ್ಕಿಂತ ಚಿಕ್ಕ ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆಯನ್ನು ಮುದ್ರಿಸುವುದು ಕಡ್ಡಾಯ. ನಮ್ಮ ಮನೆಯಲ್ಲಿ ಮಗಳಿಗಿಂತ ಚಿಕ್ಕವನೊಬ್ಬ ನೆಲದ ಮೇಲೆ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ವಯಸ್ಸಿನಲ್ಲಿದ್ದುದರಿಂದ, ಆ ಪ್ರಯೋಗವನ್ನು ನಾನು ಇನ್ನೂ ಮೊದಲೇ ನಿಲ್ಲಿಸಬೇಕಿತ್ತು.

ಆಮೇಲೆ ಸ್ಟೀಲಿನ ಬಟ್ಟಲನ್ನು ಕವುಚಿ ಹಾಕಿ, ಅದರ ಹೊರಮೈ ಮೇಲೆ ಅಂಟಿಸಿದೆವು. ಕಾಗದ ಒಣಗುವಾಗ ಕುಗ್ಗುತ್ತದೆ. ಹೊರಗಿನಿಂದ ಕುಗ್ಗಿದ ಕಾಗದ ಅಚ್ಚನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿತೆಂದರೆ, ಮೂರು ಬಟ್ಟಲುಗಳನ್ನು ಚಾಕುವಿನಿಂದ ಸೀಳಿಯೇ ತೆಗೆಯಬೇಕಾಯಿತು. ಅಂಟನ್ನು ದೂರುವ ಬದಲು ಬಟ್ಟಲನ್ನು ತಿರುಗಿಸಿಟ್ಟು ಒಳಮೈಗೆ ಅಂಟಿಸಿದ ದಿನ ಆ ಸಮಸ್ಯೆ ತಾನಾಗಿಯೇ ಬಗೆಹರಿಯಿತು. ಒಳಗೆ ಅಂಟಿಸಿದ ಕಾಗದ ಕುಗ್ಗಿದಂತೆಲ್ಲ ಅಚ್ಚನ್ನು ಬಿಟ್ಟು ದೂರ ಸರಿಯುತ್ತದೆ, ನಾಲ್ಕನೆಯ ಪದರ ಒಣಗುವ ಹೊತ್ತಿಗೆ ಎರಡು ಬೆರಳಿನಿಂದ ಎತ್ತಿದರೆ ಕೈಗೆ ಬರುತ್ತದೆ. ಅಲ್ಲಿ ಅದನ್ನು ಹೊರಗೆ ತೆಗೆದು, ಒಂದು ಪೂರ್ತಿ ದಿನ ಎರಡೂ ಕಡೆಯಿಂದ ಗಾಳಿಗಿಟ್ಟು, ಮತ್ತೆ ಅಚ್ಚಿನೊಳಗೆ ಕೂರಿಸಿ ಉಳಿದ ನಾಲ್ಕು ಪದರ ಹಾಕುತ್ತೇವೆ. ಅಚ್ಚಿಗೂ ಮೊದಲ ಪದರಕ್ಕೂ ನಡುವೆ ನಾನು ಏನು ಸವರುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ವ್ಯಾಸಲೀನ್ ಅಲ್ಲ, ಅಡುಗೆ ಎಣ್ಣೆಯೂ ಅಲ್ಲ. ಅವೆರಡೂ ಕಾಗದಕ್ಕೆ ಇಳಿದು ಮುಂದೆ ಬಣ್ಣ ಹಿಡಿಯದಂತೆ ಮಾಡುತ್ತವೆ ಎಂಬಷ್ಟನ್ನು ಹೇಳಬಲ್ಲೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪದರಗಳ ಲೆಕ್ಕ ತಪ್ಪದಿರಲೆಂದು ಒಂದು ಪದರ ಸುದ್ದಿಪತ್ರಿಕೆಯದು, ಇನ್ನೊಂದು ಕಂದು ಕಾಗದದ್ದು ಎಂದು ಬದಲಿಸುತ್ತಾ ಹೋಗುವುದು ಎಲ್ಲರಿಗೂ ತಿಳಿದ ಕ್ರಮ. ನಾನು ಮಾಡಿದ ಬದಲಾವಣೆಯೆಂದರೆ ಸುದ್ದಿಪತ್ರಿಕೆಯ ಪದರಗಳನ್ನು ಸಂಪೂರ್ಣವಾಗಿ ಮಗಳಿಗೂ ಕಂದು ಕಾಗದದ ಪದರಗಳನ್ನು ನನಗೂ ಹಂಚಿದ್ದು. ಸುದ್ದಿಪತ್ರಿಕೆಯ ಕಾಗದ ತೆಳುವಾಗಿದ್ದು ಚಿಕ್ಕ ಬೆರಳಿನ ಒತ್ತಡಕ್ಕೂ ಬಾಗಿ ಕೂರುತ್ತದೆ. ಕಂದು ಕಾಗದ ಹಾಗಲ್ಲ. ಅದನ್ನು ಸುಮಾರು ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಹಿಂಡಿ, ಅಂಟು ಸವರಿ ಗಟ್ಟಿಯಾಗಿ ಒತ್ತಬೇಕು, ಅದಕ್ಕೆ ದೊಡ್ಡವರ ಕೈಯೇ ಬೇಕು. ಮಗಳ ಪದರದ ದಿನ ನಾನು ಅವಳ ಸಹಾಯಕ: ಪಟ್ಟಿ ಹರಿದು, ಅಂಟು ಸವರಿ ಅವಳ ಕೈಗೆ ಕೊಡುವುದಷ್ಟೇ ನನ್ನ ಕೆಲಸ, ಅಚ್ಚನ್ನು ಮುಟ್ಟುವಂತಿಲ್ಲ. ನನ್ನ ಪದರದ ದಿನ ಅವಳು ಹರಿದು ಕೊಡುತ್ತಾಳೆ, ನಾನು ಅಂಟಿಸುತ್ತೇನೆ. ದಿನಕ್ಕೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅವಳ ಗಮನ ಚದುರುವ ಮೊದಲೇ ಕೆಲಸ ಮುಗಿದಿರುತ್ತದೆ. ಹಿಂದೆ ಎರಡು ಗಂಟೆ ಒಂದೇ ಸಮನೆ ಕೂರಿಸುತ್ತಿದ್ದಾಗ ಅವಳು ಅರ್ಧ ಗಂಟೆಗೇ ಎದ್ದು ಹೋಗುತ್ತಿದ್ದಳು, ಅವಳು ಅಂಟಿಸಿದ್ದನ್ನು ನಾನು ಹಿಂದಿನಿಂದ ಸರಿಪಡಿಸುತ್ತಿದ್ದೆ, ಅದು ಅವಳಿಗೆ ತಿಳಿಯುತ್ತಿತ್ತು. ಈಗ ಅವಳ ಪದರವನ್ನು ನಾನು ಸರಿಪಡಿಸುವುದೇ ಇಲ್ಲ. ಎಲ್ಲಾದರೂ ಸುಕ್ಕು ಬಿದ್ದಿದ್ದರೆ ಮರುದಿನದ ನನ್ನ ಪದರ ಅದನ್ನು ತುಂಬಿಕೊಡುತ್ತದೆ.

ಕಾಯುವ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ತಕ್ಕಡಿಯಿಂದ. ಪದರ ಒಣಗಿದೆಯೇ ಎಂದು ಕೈಯಿಂದ ತಿಳಿಯುವುದು ನಂಬಿಕೆಗೆ ಅರ್ಹವಲ್ಲವಾದ್ದರಿಂದ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಅಚ್ಚಿನ ಸಮೇತ ಬಟ್ಟಲನ್ನಿಟ್ಟು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ತೂಗಲು ಆರಂಭಿಸಿದೆ. ಎರಡು ತೂಕಗಳ ನಡುವೆ ವ್ಯತ್ಯಾಸವಿಲ್ಲದಿದ್ದರೆ ಮಾತ್ರ ಮುಂದಿನ ಪದರ. ಆ ಅಂಕಿಗಳನ್ನು ಬರೆಯುವ ಹೊಣೆಯನ್ನು ಮಗಳಿಗೆ ಕೊಟ್ಟೆ. ಹಾಸಿಗೆಯಿಂದ ಎದ್ದವಳು ಮೊದಲು ತಕ್ಕಡಿಯ ಬಳಿಗೆ ಹೋಗತೊಡಗಿದಳು. ರಾತ್ರಿಯಲ್ಲಿ ಏಳು ಗ್ರಾಂ ನೀರು ಎಲ್ಲಿಗೆ ಹೋಯಿತು ಎಂಬ ಅವಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಅವಳಿಗೆ ಒಪ್ಪಿಗೆಯಾಗಲು ನಾಲ್ಕು ದಿನ ಹಿಡಿಯಿತು. ಮಗು ಮರೆಯುತ್ತದೆ ಎಂದಿದ್ದ ಅಕ್ಕ ಒಮ್ಮೆ ಮನೆಗೆ ಬಂದಾಗ, ಮಗಳು ಆ ಪುಸ್ತಕವನ್ನು ತಂದು ಆರು ಬಟ್ಟಲುಗಳ ತೂಕಗಳನ್ನು ಓದಿ ಹೇಳಿದಳು. ಈಗ ಅಕ್ಕ ತನ್ನ ವಿದ್ಯಾರ್ಥಿಗಳಿಗೂ ಇದೇ ಕ್ರಮವನ್ನು ಹೇಳಿಕೊಡುತ್ತಿದ್ದಾಳೆ.

ಕಾಗದ ಹರಿಯುವುದರ ಬಗ್ಗೆ ಒಂದು ಮಾತು. ಕತ್ತರಿಯಿಂದ ಕತ್ತರಿಸಿದ ಪಟ್ಟಿಯ ಅಂಚು ಒಣಗಿದ ಮೇಲೂ ಗೆರೆಯಂತೆ ಎದ್ದು ಕಾಣುತ್ತದೆ, ಹರಿದ ಅಂಚಿನ ನಾರುಗಳು ಪಕ್ಕದ ಪಟ್ಟಿಯೊಳಗೆ ಬೆರೆತುಹೋಗುತ್ತವೆ. ಸುದ್ದಿಪತ್ರಿಕೆ ಮೇಲಿನಿಂದ ಕೆಳಕ್ಕೆ ನೇರವಾಗಿ ಹರಿಯುತ್ತದೆ, ಅಡ್ಡಲಾಗಿ ಹರಿದರೆ ದಿಕ್ಕು ತಪ್ಪುತ್ತದೆ ಎಂಬುದನ್ನು ನಾನು ಹೇಳಿಕೊಡುವ ಮೊದಲೇ ಮಗಳು ಕಂಡುಹಿಡಿದಿದ್ದಳು. ಕಾಗದದ ನಾರು ಹರಡಿಕೊಂಡಿರುವ ದಿಕ್ಕು ಅದು. ಒದ್ದೆಯಾದ ಕಾಗದ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಹಿಗ್ಗುವುದರಿಂದ, ಎಲ್ಲ ಪದರಗಳನ್ನೂ ಒಂದೇ ದಿಕ್ಕಿನಲ್ಲಿ ಹಾಕಿದ ನಮ್ಮ ಹಳೆಯ ಬಟ್ಟಲುಗಳು ಒಂದು ಕಡೆಗೆ ವಾಲಿದ್ದವು. ಅವಳ ಪದರ ಬಾಯಿಯಿಂದ ತಳಕ್ಕೆ, ನನ್ನದು ಸುತ್ತಲೂ ಅಡ್ಡಕ್ಕೆ ಎಂದು ನಿಗದಿ ಮಾಡಿದ ಮೇಲೆ ವಾಲುವುದು ನಿಂತಿತು.

ಹಣದ ವಿಷಯದಲ್ಲಿ ನಾನು ಮಾಡಿದ ತಪ್ಪುಗಳನ್ನು ಬೇರೆಯವರು ಮಾಡಬಾರದು. ಮೊದಲ ವರ್ಷ ಇದಕ್ಕೆಂದು ಖರ್ಚು ಮಾಡಿದ ಹಣದಲ್ಲಿ ಸುಮಾರು ಅರ್ಧ ಬಿಳಿ ಅಂಟಿನ ಬಾಟಲಿಗಳಿಗೇ ಹೋಯಿತು. ಒಂದು ಭಾಗ ಹಿಟ್ಟಿಗೆ ಐದು ಭಾಗ ನೀರು ಸೇರಿಸಿ, ಗಂಟಿಲ್ಲದಂತೆ ಕಾಯಿಸಿ, ಬಟ್ಟೆಯಲ್ಲಿ ಸೋಸಿದ ಅಂಟು ಅದಕ್ಕಿಂತ ಕಡಿಮೆಯದಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ವರ್ಷ ಬೇಕಾಯಿತು. ಮಕ್ಕಳ ಕರಕುಶಲ ಕಿಟ್ ಎಂದು ತರಿಸಿದ ಡಬ್ಬಿಯಲ್ಲಿ ಮನೆಯಲ್ಲೇ ಇದ್ದ ವಸ್ತುಗಳ ಹೊರತು ಬೇರೇನೂ ಇರಲಿಲ್ಲ. ಬೇಗ ಒಣಗಿಸಲು ಹೇರ್ ಡ್ರೈಯರ್ ಬಳಸಿ ವಿದ್ಯುತ್ತನ್ನೂ ವ್ಯರ್ಥ ಮಾಡಿದೆ, ಮೇಲ್ಪದರವನ್ನೂ ಸುಕ್ಕಾಗಿಸಿದೆ; ಸಾಧಾರಣ ಫ್ಯಾನು ಸಾಕು. ಈಗ ಒಂದು ಬಟ್ಟಲಿಗೆ ತಗಲುವ ಖರ್ಚು ಮೊದಲ ವರ್ಷದ ಹತ್ತನೇ ಒಂದು ಭಾಗವೂ ಇಲ್ಲ, ಅದರಲ್ಲೂ ಹೆಚ್ಚಿನದು ಪ್ರೈಮರ್ ಎಂಬ ತಳಬಣ್ಣ ಮತ್ತು ಬಣ್ಣದ್ದು.

ಎಲ್ಲಕ್ಕಿಂತ ದುಬಾರಿಯಾದದ್ದು ಕಾಗದದ ಮುದ್ದೆಯ ಪ್ರಯೋಗ. ಪಟ್ಟಿಗಳ ಬದಲು ಕಾಗದವನ್ನು ನೆನೆಸಿ ಅರೆದು ಮುದ್ದೆ ಮಾಡಿದರೆ ಮಗ ಕೂಡ ಸೇರಿಕೊಳ್ಳಬಹುದೆಂದು ಯೋಚಿಸಿ, ನೀರು ಸಾಲದೆ ಗಟ್ಟಿಯಾಗಿದ್ದ ಕಾಗದವನ್ನು ಮಿಕ್ಸಿಗೆ ಹಾಕಿ ಅದರ ಮೋಟಾರನ್ನೇ ಸುಟ್ಟೆ. ಆ ರಿಪೇರಿಯ ಹಣದಲ್ಲಿ ಎರಡು ವರ್ಷಕ್ಕೆ ಸಾಲುವಷ್ಟು ಬಣ್ಣ ಬರುತ್ತಿತ್ತು. ಮುದ್ದೆಯಿಂದ ಮಾಡಿದ ಬಟ್ಟಲು ಒಣಗುವಾಗ 20 ಸೆಂಟಿಮೀಟರ್‌ನಿಂದ 18ಕ್ಕೆ ಕುಗ್ಗಿ ಬಿರುಕು ಬಿಟ್ಟಿತು. ಸೀಮೆಸುಣ್ಣದ ಪುಡಿ ಬೆರೆಸಿದ ಮೇಲೆ ಬಿರುಕು ಕಡಿಮೆಯಾಯಿತಾದರೂ ತೂಕ ಹೆಚ್ಚಿತು. ಉಳಿದ ಮುದ್ದೆಗೆ ಮಗಳು ಸಾಸಿವೆ ಕಾಳು ಬೆರೆಸಿ ಹಾಳೆಯಂತೆ ತಟ್ಟಿಟ್ಟಳು. ಹಾಳೆ ದಪ್ಪವಾಗಿದ್ದು ನಿಧಾನವಾಗಿ ಒಣಗಿದ್ದರಿಂದ ನಾಲ್ಕನೆಯ ದಿನ ಅದರಲ್ಲೇ ಸಾಸಿವೆ ಮೊಳಕೆಯೊಡೆಯಿತು. ಬೀಜದ ಕಾಗದ ಮಾಡುವವರು ಹಾಳೆಯನ್ನು ಆದಷ್ಟು ತೆಳುವಾಗಿ ತಟ್ಟಿ ಒಂದೇ ದಿನದಲ್ಲಿ ಒಣಗಿಸಬೇಕು. ಮುದ್ದೆಯನ್ನು ಈಗ ಬಟ್ಟಲಿನ ಅಂಚಿಗೆ ಬಳ್ಳಿಯಂತೆ ಸುತ್ತಲು ಮಾತ್ರ ಬಳಸುತ್ತೇವೆ.

ಬಣ್ಣದಲ್ಲಿ ನನ್ನಿಂದಾದ ಒಂದು ತಪ್ಪು ಇನ್ನೂ ಮನಸ್ಸಿಗೆ ನೋವು ಕೊಡುತ್ತದೆ. ಮಗಳು ಮೂರು ಸಂಜೆ ಕುಳಿತು ಪೋಸ್ಟರ್ ಬಣ್ಣದಲ್ಲಿ ಬಿಡಿಸಿದ್ದ ಹೂವುಗಳ ಮೇಲೆ ನಾನು ನೀರು ಆಧಾರಿತ ವಾರ್ನಿಷ್ ಹಚ್ಚಿದೆ. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಬ್ರಷ್‌ನ ಎರಡನೆಯ ಎಳೆತಕ್ಕೇ ಹೂವುಗಳೆಲ್ಲ ಕದಡಿಹೋದವು. ಅವಳು ಏನೂ ಹೇಳದೆ ಎದ್ದು ಹೋದಳು. ಆ ದಿನದಿಂದ ಅಕ್ರಿಲಿಕ್ ಬಣ್ಣವನ್ನೇ ಬಳಸುತ್ತೇವೆ, ಒಣಗಿದ ಮೇಲೆ ಅದು ಕದಡುವುದಿಲ್ಲ. ಬಟ್ಟೆಗೆ ತಗಲಿದರೂ ಹೋಗುವುದಿಲ್ಲವಾದ್ದರಿಂದ ನನ್ನ ಹಳೆಯ ಅಂಗಿಯೊಂದು ಅವಳ ಬಣ್ಣದ ಅಂಗಿಯಾಗಿದೆ. ಬಣ್ಣಕ್ಕೆ ಮುನ್ನ 120ರ ಸಂಖ್ಯೆಯ ಒರಟು ಉಪ್ಪುಕಾಗದದಿಂದ ಒಮ್ಮೆ, 220ರ ನಯವಾದದ್ದರಿಂದ ಒಮ್ಮೆ ಉಜ್ಜಿ, ಬಿಳಿ ಪ್ರೈಮರ್ ಎರಡು ಸಲ ಹಚ್ಚುತ್ತೇನೆ. ಉಜ್ಜುವ ಕೆಲಸ ನನ್ನದೇ, ಆ ಧೂಳು ಮಕ್ಕಳ ಮೂಗಿಗೆ ಹೋಗಬಾರದು.

ಕಾಗದದ ಬಟ್ಟಲು ಎಷ್ಟು ದಿನ ಬಾಳುತ್ತದೆ ಎಂದು ಕೇಳುವವರು ಇನ್ನೂ ಇದ್ದಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಹೆನ್ರಿ ಕ್ಲೇ ಎಂಬಾತ ಕಾಗದದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಗಟ್ಟಿ ಹಲಗೆ ಮಾಡುವ ಕ್ರಮಕ್ಕೆ 1772ರಲ್ಲೇ ಪೇಟೆಂಟ್ ಪಡೆದಿದ್ದ. ಆ ಹಲಗೆಗಳನ್ನು ಕುದುರೆ ಗಾಡಿಗಳಿಗೂ ತಟ್ಟೆಗಳಿಗೂ ಬಳಸುತ್ತಿದ್ದರು. ನಮ್ಮ ಬಟ್ಟಲಿನ ಗೋಡೆ ಒಂದೂವರೆ ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ, ತೂಕ ಸುಮಾರು 70 ಗ್ರಾಂ. ಅದನ್ನು ಕವುಚಿ ಹಾಕಿ, ಮಗಳ ಕೈಯಿಂದಲೇ ಆರು ಕಿಲೋದಷ್ಟು ಪುಸ್ತಕಗಳನ್ನು ಒಂದೊಂದಾಗಿ ಪೇರಿಸಿದಾಗ ಅಂಚು ಕೂಡ ಅಲುಗಲಿಲ್ಲ. ಎರಡು ವರ್ಷದ ಹಿಂದಿನ ನೀಲಿ ಬಟ್ಟಲು ಬಾಗಿಲ ಬಳಿ ಕೀಲಿಗಳನ್ನು ಹೊತ್ತುಕೊಂಡು ಇಂದಿಗೂ ಹಾಗೆಯೇ ಇದೆ. ಮುದ್ರಣದ ಶಾಯಿ ಇರುವ ಕಾಗದವಾದ್ದರಿಂದ ತಿನ್ನುವ ವಸ್ತುಗಳನ್ನು ಮಾತ್ರ ಇವುಗಳಲ್ಲಿ ಇಡುವುದಿಲ್ಲ.

ಸದ್ಯ ಮುಚ್ಚಳವಿರುವ ಡಬ್ಬಿಯನ್ನು ಪ್ರಯತ್ನಿಸುತ್ತಿದ್ದೇವೆ. ಮೊದಲ ಮುಚ್ಚಳ ಒಣಗಿದ ಮೇಲೆ ಮೂರು ಮಿಲಿಮೀಟರ್‌ನಷ್ಟು ಕುಗ್ಗಿ ಡಬ್ಬಿಯ ಬಾಯಿಗೆ ಕೂರಲಿಲ್ಲ. ಎರಡನೆಯದಕ್ಕೆ ಡಬ್ಬಿಯನ್ನು ಪೂರ್ತಿ ಒಣಗಿಸಿ, ಅದರ ಬಾಯಿಗೆ ಎರಡು ಸುತ್ತು ರಟ್ಟು ಕಟ್ಟಿ, ಅದರ ಅಳತೆಗೆ ಅಚ್ಚು ಮಾಡಿಕೊಂಡಿದ್ದೇವೆ. ಈಗ ಮಗನೂ ಮೂರೂವರೆ ವರ್ಷದವನಾಗಿದ್ದು, ಪಟ್ಟಿ ಹರಿಯುವ ಕೆಲಸ ಪೂರ್ತಿಯಾಗಿ ಅವನ ಪಾಲಿಗೆ ಹೋಗಿದೆ. ಆ ಎರಡನೆಯ ಮುಚ್ಚಳ ಐದನೆಯ ಪದರದಲ್ಲಿದೆ, ಇಂದು ಬೆಳಗಿನ ತೂಕ 64 ಗ್ರಾಂ ಎಂದು ಪುಸ್ತಕದಲ್ಲಿ ಬರೆದಿದೆ. ಸಂಜೆಯೂ ಅಷ್ಟೇ ಇದ್ದರೆ ಆರನೆಯದು, ಅಂದರೆ ನನ್ನ ಪದರ, ಇಂದೇ ಬೀಳುತ್ತದೆ.