ಕಾಲಿಗಿಂತ ಮೊದಲು ಕೈ: ಫುಟಿಯಲ್ಲಿ ಕಿಕ್ ಕಲಿಸುವ ನನ್ನ ಕ್ರಮ

ಮೆಲ್ಬರ್ನಿನ ಪಶ್ಚಿಮ ಬಡಾವಣೆಗಳಲ್ಲಿ, ಟಾರ್ನೀಟ್, ಪಾಯಿಂಟ್ ಕುಕ್ ಕಡೆ, ಕನ್ನಡದ ಮನೆಗಳ ಮಕ್ಕಳು ಈಗ ಕ್ರಿಕೆಟ್ಟಿನ ಜೊತೆಗೆ ಫುಟಿಯನ್ನೂ, ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಒದ್ದು, ಕೈಯಲ್ಲಿ ಹಿಡಿದು ಆಡುವ ಆಸ್ಟ್ರೇಲಿಯದ ಫುಟ್ಬಾಲನ್ನೂ ಆಡುತ್ತಾರೆ. ಹದಿನೈದು ಹದಿನಾರರ ಹೊತ್ತಿಗೆ ಕೆಲವರಿಗೆ ಈ ಆಟದ ದೊಡ್ಡ ವೃತ್ತಿಪರ ಲೀಗಾದ ಎಎಫ್‌ಎಲ್ ಕನಸು ಹತ್ತಿಕೊಳ್ಳುತ್ತದೆ. ಆಗ ತಂದೆ ತಾಯಿ ಕೇಳುವುದು ಎತ್ತರ ಸಾಕಾ, ಓಟ ಸಾಕಾ ಅಂತ. ಕಿಕ್ ಕಲಿಸುವ ಕೆಲಸದಲ್ಲಿರುವ ನಾನು ಮೊದಲು ನೋಡುವುದು ಹುಡುಗ ಚೆಂಡನ್ನು ಕೈಯಿಂದ ಹೇಗೆ ಬಿಡುತ್ತಾನೆ ಎಂಬುದನ್ನು. ಎತ್ತರ ಮತ್ತು ಓಟ ಕ್ಲಬ್ಬಿನ ಬಾಗಿಲವರೆಗೆ ಕರೆದೊಯ್ಯುತ್ತವೆ. ಒಳಗೆ ಉಳಿಸುವುದು ಕಿಕ್, ಆ ಕಿಕ್ ತಯಾರಾಗುವುದು ಕೈಯಲ್ಲಿ.

ಬಾಗಿಲ ಲೆಕ್ಕ ಮೊದಲು. ಎಎಫ್‌ಎಲ್‌ನಲ್ಲಿ ಸದ್ಯ 18 ಕ್ಲಬ್‌ಗಳಿವೆ. 2028ಕ್ಕೆ ಟಾಸ್ಮೇನಿಯಾ ಸೇರಬೇಕು. ಒಂದು ಕ್ಲಬ್ಬಿನ ಪಟ್ಟಿಯಲ್ಲಿ ನಲವತ್ತಕ್ಕೆ ಸ್ವಲ್ಪ ಮೇಲೆ ಆಟಗಾರರು, ಅವರಲ್ಲಿ ವಾರಕ್ಕೆ ಪಂದ್ಯದ ತಂಡಕ್ಕೆ ಬರುವವರು 23 ಜನ. ಉಳಿದವರು ಎರಡನೇ ತಂಡದಲ್ಲಿ ಆಡಿಕೊಂಡು ಕಾಯಬೇಕು. ಹೊಸಬರ ಆಯ್ಕೆ, ಅಂದರೆ ಡ್ರಾಫ್ಟ್, ನವೆಂಬರಿನಲ್ಲಿ. ಆ ವರ್ಷ ಹದಿನೆಂಟು ತುಂಬುವವರಿಂದ ಶುರು. ಅದಕ್ಕೂ ಮುಂಚೆ ಅಕ್ಟೋಬರ್ ಸುಮಾರಿಗೆ ಕಂಬೈನ್ ಎಂಬ ಪರೀಕ್ಷೆ: 20 ಮೀಟರ್ ಓಟ, 2 ಕಿಲೋಮೀಟರ್ ಓಟ, ನಿಂತು ಹಾರುವುದು, ಓಡಿ ಹಾರುವುದು, ತಿರುಗಿ ಓಡುವುದು. 20 ಮೀಟರನ್ನು 2.9 ಸೆಕೆಂಡಿನೊಳಗೆ ಮುಗಿಸಿದವನ ಮೇಲೆ ಎಲ್ಲರ ಕಣ್ಣು ಬೀಳುತ್ತದೆ, ನಿಜ. ಆದರೆ ಆಯ್ಕೆಗಾರರು ಅವನ ಇಡೀ ವರ್ಷದ ಪಂದ್ಯಗಳ ವಿಡಿಯೊ ನೋಡಿಕೊಂಡೇ ಬಂದಿರುತ್ತಾರೆ. ಅದರಲ್ಲಿ ಅವರು ಹುಡುಕುವುದು ಒತ್ತಡದಲ್ಲಿ ಒದ್ದ ಚೆಂಡು ಜೊತೆಗಾರನ ಎದೆಗೆ ಬಂತೋ, ಕಾಲಬುಡಕ್ಕೆ ಬಿತ್ತೋ ಎಂಬುದನ್ನು. ಮೊದಲ ಒಪ್ಪಂದ ಮುಗಿದು ಎರಡನೆಯದರ ಮಾತು ಬಂದಾಗ ಈ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ.

ಇನ್ನು ಕೆಲಸಕ್ಕೆ ಬರೋಣ. ಈ ಆಟದ ಮುಖ್ಯ ಕಿಕ್ ಡ್ರಾಪ್ ಪಂಟ್. ಚೆಂಡು ತುದಿಯ ಮೇಲೆ ತುದಿಯಾಗಿ ಹಿಮ್ಮುಖವಾಗಿ ಸುತ್ತುತ್ತಾ ಹೋಗುತ್ತದೆ. ಆ ಸುತ್ತೇ ಅದನ್ನು ನೇರವಾಗಿ ಇಡುತ್ತದೆ, ಹಿಡಿಯುವವನಿಗೆ ಸುಲಭವನ್ನೂ ಮಾಡುತ್ತದೆ. ಉದ್ದಕ್ಕೆ ತಿರುಚಿಕೊಂಡು ಹೋಗುವ ಟಾರ್ಪಿಡೊ ಹೆಚ್ಚು ದೂರ ಹೋಗಬಹುದು, ಆದರೆ ಅರ್ಧ ಇಂಚು ತಪ್ಪಿದರೂ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಹದಿನಾರರೊಳಗಿನ ಮಕ್ಕಳಿಗೆ ನಾನು ಟಾರ್ಪಿಡೊ ಹೇಳಿಕೊಡುವುದೇ ಇಲ್ಲ.

ಶುರುವಿಗೆ ಮುಂಚೆ ಚೆಂಡನ್ನು ನೋಡಿಕೊಳ್ಳಬೇಕು. ದೊಡ್ಡವರ ಚೆಂಡಿನ ಉದ್ದ ಸುತ್ತಳತೆ 720ರಿಂದ 730 ಮಿಲಿಮೀಟರ್, ಅಡ್ಡ ಸುತ್ತಳತೆ 545ರಿಂದ 555. ಗಾಳಿ 62ರಿಂದ 76 ಕಿಲೋಪಾಸ್ಕಲ್. ಮೀಟರ್ ಇರುವ ಪಂಪು ಕೊಳ್ಳಿ, ಬೆರಳಲ್ಲಿ ಒತ್ತಿ ಅಂದಾಜು ಮಾಡಬೇಡಿ. ಗಾಳಿ ಕಡಿಮೆಯಿದ್ದರೆ ದೂರ ಸಿಗುವುದಿಲ್ಲ, ಹುಡುಗ ಕಾಲು ಬೀಸಿ ಬೀಸಿ ತೊಡೆಸಂದಿ ನೋಯಿಸಿಕೊಳ್ಳುತ್ತಾನೆ. ಜಾಸ್ತಿಯಿದ್ದರೆ ಕಲ್ಲಿನಂತೆ ಪಾದಕ್ಕೆ ಬಡಿಯುತ್ತದೆ, ಆ ಹೆದರಿಕೆಗೆ ಅವನು ಕಣಕಾಲು ಸಡಿಲ ಬಿಡಲು ಕಲಿಯುತ್ತಾನೆ. ಮಕ್ಕಳ ಕೈಗೆ ವಯಸ್ಸಿಗೆ ತಕ್ಕ ಚಿಕ್ಕ ಚೆಂಡೇ ಸರಿ. ದೊಡ್ಡ ಚೆಂಡಿನಲ್ಲಿ ಬೇಗ ಕಲಿಯಲಿ ಎಂದು ಕೊಟ್ಟರೆ ಒಂದೇ ಕೈಯಲ್ಲಿ ಅದನ್ನು ಇಳಿಸಲು ಆಗದೆ ಎರಡೂ ಕೈಯಲ್ಲಿ ಎತ್ತಿಹಾಕುವ ಚಾಳಿ ಅಂಟಿಕೊಳ್ಳುತ್ತದೆ.

ಬಲಗಾಲಿನವನ ಕ್ರಮ ಹೇಳುತ್ತೇನೆ, ಎಡಗಾಲಿನವರು ತಿರುವಿಕೊಳ್ಳಿ. ಎರಡು ಕೈಯ ಬೆರಳುಗಳನ್ನು ಹರಡಿ ಚೆಂಡನ್ನು ಎರಡೂ ಪಕ್ಕದಿಂದ ಹಿಡಿಯಬೇಕು. ಹೊಲಿಗೆಯ ದಾರ ಎದುರಿಗೆ, ಗುರಿಯ ಕಡೆಗೆ ಇರಲಿ. ಚೆಂಡು ಹೆಚ್ಚುಕಡಿಮೆ ನೇರ ನಿಂತಿದ್ದು ಮೇಲ್ತುದಿ ಸ್ವಲ್ಪ ನಮ್ಮ ಕಡೆ ವಾಲಿರಬೇಕು. ಕೊನೆಯ ಹೆಜ್ಜೆಗೆ ಎಡಗೈ ಮೊದಲು ಬಿಡುತ್ತದೆ. ಬಲಗೈ ಚೆಂಡನ್ನು ಬಲತೊಡೆಯ ನೇರಕ್ಕೆ ಸೊಂಟದ ಮಟ್ಟದವರೆಗೆ ಇಳಿಸಿ ಅಲ್ಲಿ ಬಿಡಬೇಕು. ತುಂಬಿದ ಲೋಟವನ್ನು ಮೇಜಿನ ಮೇಲೆ ಇಡುವಾಗ ಕೈ ಹೇಗೆ ಕೊನೆತನಕ ಜೊತೆಗಿರುತ್ತದೋ ಹಾಗೆ. ಕೈಗೂ ಪಾದಕ್ಕೂ ನಡುವಿನ ಅಂತರ ಕಡಿಮೆಯಾದಷ್ಟೂ ಗಾಳಿಗೆ, ನಡುಕಕ್ಕೆ, ಎದುರಾಳಿಯ ತಳ್ಳುವಿಕೆಗೆ ಸಿಗುವ ಅವಕಾಶ ಕಡಿಮೆ. ಪಾದ ಚಾಚಿ, ಕಣಕಾಲು ಬಿಗಿ ಹಿಡಿದು, ಬೂಟಿನ ಲೇಸಿನ ಭಾಗದಿಂದ ಚೆಂಡಿನ ಕೆಳತುದಿಗೆ ಹೊಡೆಯಬೇಕು. ಹೊಡೆದ ಮೇಲೆ ಕಾಲು ಗುರಿಯ ಕಡೆಗೇ ಮುಂದುವರಿಯಲಿ.

ಹುಡುಗ ಮೊದಲ ದಿನ ನನ್ನ ಬಳಿ ಬಂದರೆ ಒದೆಯಲು ಬಿಡುವುದಿಲ್ಲ. ಮೈದಾನದ ಬಿಳಿ ಗೆರೆಯ ಮೇಲೆ ನಿಲ್ಲಿಸಿ ಚೆಂಡು ಇಳಿಸಿ ಬಿಡಲು ಹೇಳುತ್ತೇನೆ. ಅದು ಕೆಳತುದಿಯ ಮೇಲೆ, ಗೆರೆಯ ಮೇಲೆ ಬೀಳಬೇಕು. ಮಗ್ಗುಲಾಗಿ ಬಿದ್ದರೆ ಬಿಡುವಾಗ ಮಣಿಕಟ್ಟು ತಿರುಗಿದೆ. ಹೊಟ್ಟೆಯ ಮೇಲೆ ಚಪ್ಪಟೆ ಬಿದ್ದರೆ ಬೆರಳು ತಡವಾಗಿ ಬಿಟ್ಟಿವೆ. ಗೆರೆಯ ಎಡಕ್ಕೆ ಬಿದ್ದರೆ ಕೈ ಹೊಟ್ಟೆಗೆ ಅಡ್ಡವಾಗಿ ಬಂದಿದೆ. ಹತ್ತರಲ್ಲಿ ಎಂಟು ಸರಿ ಬಿದ್ದ ಮೇಲೆ ಒಂದು ಹೆಜ್ಜೆಯ ಕಿಕ್, ಏಳೆಂಟು ಮೀಟರ್ ದೂರದ ಜೊತೆಗಾರನ ಎದೆಗೆ. ಆಮೇಲೆ 15 ಮೀಟರ್. ಈ ದೂರ ಸುಮ್ಮನೆ ಆರಿಸಿದ್ದಲ್ಲ: ಒದ್ದ ಚೆಂಡು 15 ಮೀಟರ್ ಹೋದರೆ ಮಾತ್ರ ಅದನ್ನು ಹಿಡಿದವನಿಗೆ ಮಾರ್ಕ್, ಅಂದರೆ ಎದುರಾಳಿಯ ಅಡ್ಡಿಯಿಲ್ಲದೆ ಒದೆಯುವ ಹಕ್ಕು, ಸಿಗುತ್ತದೆ. ಅದೂ ಸರಿಹೋದ ಮೇಲೆ ಓಡುತ್ತಾ ಒದೆಯುವುದು, ಕಡೆಗೆ ಯಾರಾದರೂ ಬೆನ್ನಟ್ಟುವಾಗ ಒದೆಯುವುದು.

ಚೆಂಡಿನ ಉದ್ದಕ್ಕೂ ಒಂದು ಬಿಳಿ ಟೇಪಿನ ಪಟ್ಟಿ ಅಂಟಿಸುತ್ತೇನೆ. ಸುತ್ತು ನೇರವಾಗಿದ್ದರೆ ಹಾರುವಾಗ ಪಟ್ಟಿ ಒಂದೇ ಗೆರೆಯಾಗಿ ಕಾಣುತ್ತದೆ, ಓಲಾಡಿದರೆ ಮಸುಕಾಗಿ ಹರಡುತ್ತದೆ. ಜೊತೆಗೆ ಫೋನಿನ ನಿಧಾನ ಚಲನೆಯ ವಿಡಿಯೊ, ಒಮ್ಮೆ ಎದುರಿನಿಂದ, ಒಮ್ಮೆ ಪಕ್ಕದಿಂದ. ವಿಡಿಯೊದಲ್ಲಿ ನೋಡಬೇಕಾದ್ದು ಕೈ ಬಿಟ್ಟ ಗಳಿಗೆ ಮತ್ತು ಕಾಲು ಮುಟ್ಟಿದ ಗಳಿಗೆ, ಇವೆರಡೇ. ಈ ಎರಡರ ನಡುವೆ ಚೆಂಡು ವಾಲುವ ಕೋನ ಬದಲಾಗಿದ್ದರೆ ತಪ್ಪು ಕೈಯದು. ಬದಲಾಗದೆಯೂ ಚೆಂಡು ಎಲ್ಲೆಲ್ಲೋ ಹೋದರೆ ಮಾತ್ರ ಕಾಲನ್ನು ತಿದ್ದಲು ಕೂರುತ್ತೇನೆ. ಚೆಂಡು ಮುಗಿಲಿಗೆ ಏರಿ ಹತ್ತಿರವೇ ಬೀಳುವುದಾದರೆ ಮೈ ಹಿಂದಕ್ಕೆ ವಾಲಿದೆ ಅಥವಾ ಚೆಂಡು ಮೈಗೆ ತೀರ ಹತ್ತಿರ ಇಳಿದಿದೆ. ಬಲಗಾಲಿನವನ ಚೆಂಡು ಪದೇ ಪದೇ ಎಡಕ್ಕೆ ಎಳೆದರೆ ಹೆಚ್ಚಿನ ಸಲ ಕೈ ಅಡ್ಡ ಬಂದು ಕಾಲು ಅದನ್ನು ಹಿಂಬಾಲಿಸಿರುತ್ತದೆ.

ಎಡಗಾಲಿನ ಕಿಕ್ಕಿಗೂ ಇದೇ ಕ್ರಮ, ಆದರೆ ಚೆಂಡು ಇಳಿಸುವ ಕೈಯೂ ಬದಲಾಗಬೇಕು. ಬಹಳ ಜನ ಕಾಲು ಬದಲಿಸಿ ಕೈ ಬದಲಿಸುವುದಿಲ್ಲ. ಬಲಗೈಯಿಂದ ಎಡಗಾಲಿಗೆ ಚೆಂಡು ಓರೆಯಾಗಿ ಬೀಳುತ್ತದೆ, ಆಮೇಲೆ "ನನ್ನ ಎಡಗಾಲು ಸರಿಯಿಲ್ಲ" ಅನ್ನುತ್ತಾರೆ. ಹಾಥಾರ್ನ್ ತಂಡಕ್ಕೆ ಆಡುತ್ತಿದ್ದ ಸ್ಯಾಮ್ ಮಿಚೆಲ್ ಅಂಥ ವೇಗಿಯಾಗಿರಲಿಲ್ಲ. ಎರಡೂ ಕಡೆಯಿಂದ ಒಂದೇ ಸಮ ಒದೆಯಬಲ್ಲವನಾದ್ದರಿಂದ ಎದುರಾಳಿಗೆ ಅವನನ್ನು ಯಾವ ಪಕ್ಕಕ್ಕೆ ಒತ್ತಬೇಕೆಂದೇ ತಿಳಿಯುತ್ತಿರಲಿಲ್ಲ. ನಿಧಾನ ಓಟದ ಮಕ್ಕಳಿಗೆ ನಾನು ತೋರಿಸುವುದು ಅವನ ವಿಡಿಯೊಗಳನ್ನೇ.

ಮಾರ್ಕ್ ಹಿಡಿದು ನಿಂತು ಗೋಲಿಗೆ ಒದೆಯುವ ಸೆಟ್ ಶಾಟ್ ಬೇರೆಯೇ ವಿದ್ಯೆ. ಗೋಲ್ ಕಂಬಗಳ ನಡುವೆ 6.4 ಮೀಟರ್, ನಡುವೆ ಹೋದರೆ 6 ಅಂಕ, ಪಕ್ಕದ ಕಿರುಕಂಬದ ಕಡೆ ಹೋದರೆ 1. ನೇರ ಎದುರಿನಿಂದ 40 ಮೀಟರಿನಲ್ಲಿ ಒದೆಯುವವನಿಗೆ ಎಡಕ್ಕೂ ಬಲಕ್ಕೂ ಸುಮಾರು ನಾಲ್ಕೂವರೆ ಡಿಗ್ರಿ ತಪ್ಪು ಮಾಡುವ ಸ್ವಾತಂತ್ರ್ಯವಿದೆ. 50 ಮೀಟರಿಗೆ ಅದು ಮೂರೂ ಮುಕ್ಕಾಲಿಗಿಂತ ಕೆಳಗಿಳಿಯುತ್ತದೆ. ಈ ಲೆಕ್ಕವನ್ನು ಹುಡುಗರಿಗೆ ನೆಲದ ಮೇಲೆ ಹಗ್ಗ ಹಿಡಿದು ತೋರಿಸುತ್ತೇನೆ. ಬಲ ಹಾಕುವ ಆಸೆ ಅಲ್ಲಿಗೆ ತಗ್ಗುತ್ತದೆ, ಯಾಕೆಂದರೆ ಬಲ ಹಾಕಿದೊಡನೆ ಹಾಳಾಗುವುದು ಚೆಂಡು ಇಳಿಸುವ ಕೈ.

ಅಂಪೈರ್ ಕೊಡುವ ಸಮಯ 30 ಸೆಕೆಂಡು. ನಾನು ಅದನ್ನು ಹೀಗೆ ಹಂಚುತ್ತೇನೆ: ಮೊದಲ ಹತ್ತರಲ್ಲಿ ಉಸಿರು ಇಳಿಸಿ, ಗೋಲಿನ ನಡುವಿನಿಂದ ಚೆಂಡು ಹಿಡಿದ ಜಾಗದಲ್ಲಿ ನಿಂತ ಎದುರಾಳಿಯ ಮೂಲಕ ಹಾಯುವ ಗೆರೆಯ ಮೇಲೆ ಹಿಂದಕ್ಕೆ ನಡೆಯುವುದು. ಮುಂದಿನ ಹತ್ತರಲ್ಲಿ ದಾರ ಎದುರಿಗೆ ತಿರುಗಿಸಿ, ಗೋಲಿನ ಹಿಂದಿನ ಒಂದು ನಿಶ್ಚಲ ವಸ್ತುವನ್ನು ಆರಿಸಿಕೊಳ್ಳುವುದು. ಉಳಿದದ್ದು ಓಟಕ್ಕೆ. ಹನ್ನೆರಡು ಹೆಜ್ಜೆ ಸಾಕು ಅನ್ನುವುದು ನನ್ನ ಅಂದಾಜು, ಆದರೆ ಸಂಖ್ಯೆಗಿಂತ ಪ್ರತಿ ಸಲ ಅದೇ ಸಂಖ್ಯೆ ಇರುವುದು ಮುಖ್ಯ. ಎಎಫ್‌ಎಲ್‌ನ ಮೂವರು ಗೋಲುಗಾರರನ್ನು ನೋಡಿ. ಬೆನ್ ಬ್ರೌನ್ ಎಲ್ಲರಿಗಿಂತ ಉದ್ದಕ್ಕೆ ಓಡಿ ಬಂದು ಒದೆಯುತ್ತಿದ್ದ. ಮ್ಯಾಥ್ಯೂ ಲಾಯ್ಡ್ ಹುಲ್ಲು ಕಿತ್ತು ಗಾಳಿಗೆ ತೂರಿ ನೋಡಿ ಆಮೇಲೆ ಒದೆಯುತ್ತಿದ್ದ, 926 ಗೋಲು. ಲ್ಯಾನ್ಸ್ ಫ್ರಾಂಕ್ಲಿನ್ ನೇರ ಬರುತ್ತಲೇ ಇರಲಿಲ್ಲ, ಎಡಕ್ಕೆ ಬಿಲ್ಲಿನಂತೆ ಬಾಗಿ ಬಂದು 1,066 ಗೋಲು ಹೊಡೆದ. ಮೂವರ ಓಟವೂ ಬೇರೆ, ಆದರೆ ತಮ್ಮ ಓಟವನ್ನು ಯಾರೂ ಪಂದ್ಯದಿಂದ ಪಂದ್ಯಕ್ಕೆ ಬದಲಿಸಲಿಲ್ಲ. ಆದ್ದರಿಂದ ಹುಡುಗನಿಗೆ ಸಹಜವಾಗಿ ಬರುವ ಬಾಗನ್ನು ನೇರ ಮಾಡಲು ನಾನು ಹೋಗುವುದಿಲ್ಲ.

ಎಷ್ಟು ಒದೆಯಬೇಕು ಎಂಬಲ್ಲಿ ಹುಮ್ಮಸ್ಸಿನ ಮಕ್ಕಳು ಕೆಡುತ್ತಾರೆ. ಕಿಕ್ ಎಂದರೆ ತೊಡೆಯ ಮುಂಭಾಗದ ಸ್ನಾಯು ಮತ್ತು ತೊಡೆಸಂದಿಯನ್ನು ಪೂರ್ತಿ ಎಳೆದು ಹೊಡೆಯುವ ಕೆಲಸ. ಬೆಳೆಯುವ ವಯಸ್ಸಿನಲ್ಲಿ ಅತಿಯಾದರೆ ಸೊಂಟದ ಎದುರಿನ ಮೂಳೆಯ ಸುತ್ತ ಉರಿಯೂತ ಬಂದು ತಿಂಗಳುಗಟ್ಟಲೆ ಕೂರಬೇಕಾಗುತ್ತದೆ. 40 ಮೀಟರಿಗಿಂತ ಉದ್ದದ ಕಿಕ್ಕುಗಳನ್ನು ಹದಿನಾರರ ಹುಡುಗನಿಗೆ ಒಂದು ಅಭ್ಯಾಸಕ್ಕೆ ಇಪ್ಪತ್ತೈದಕ್ಕೆ ನಿಲ್ಲಿಸುತ್ತೇನೆ. 15ರಿಂದ 25 ಮೀಟರಿನವು ಅದರ ಎರಡು ಪಟ್ಟು ಇರಲಿ. ಪಂದ್ಯದ ಮರುದಿನ ಒಂದೂ ಇಲ್ಲ. ಕೆಮ್ಮಿದಾಗ ತೊಡೆಸಂದಿಯಲ್ಲಿ ನೋವು ಅಂದರೆ ಅಂದೇ ನಿಲ್ಲಿಸಿ ಫಿಸಿಯೊ ಹತ್ತಿರ ಕಳಿಸುತ್ತೇನೆ. ಉಜ್ಜಿ ಮುಲಾಮು ಹಚ್ಚಿ ಆಡಿಸುವ ನೋವಲ್ಲ ಅದು.

ವೃತ್ತಿಪರ ಆಟಗಾರನ ವಾರವೂ ಈ ಲೆಕ್ಕದ ಸುತ್ತಲೇ ಕಟ್ಟಿದ್ದು. ಮಾರ್ಚಿನಿಂದ ಆಗಸ್ಟ್ ಕೊನೆಯವರೆಗೆ 23 ಪಂದ್ಯ, ಗೆದ್ದು ಉಳಿದವರಿಗೆ ಸೆಪ್ಟೆಂಬರಿನಲ್ಲಿ ಫೈನಲ್ಸ್. ನಡುಮೈದಾನದವನು ಪಂದ್ಯಕ್ಕೆ 12ರಿಂದ 15 ಕಿಲೋಮೀಟರ್ ಓಡುತ್ತಾನೆ. ಹೆಗಲುಗಳ ನಡುವೆ ಸಿಕ್ಕಿಸಿದ ಜಿಪಿಎಸ್ ಸಾಧನ ಎಲ್ಲವನ್ನೂ ಎಣಿಸುತ್ತಿರುತ್ತದೆ. ಶನಿವಾರ ಪಂದ್ಯವಾದರೆ ಭಾನುವಾರ ನೀರಿನಲ್ಲಿ ನಡಿಗೆ, ಸೋಮವಾರ ವಿಡಿಯೊ ಮತ್ತು ಜಿಮ್, ವಾರದ ನಡುವೆ ಒಂದು ದೊಡ್ಡ ಅಭ್ಯಾಸ ಮತ್ತು ಒಂದು ರಜೆ, ಪಂದ್ಯದ ಹಿಂದಿನ ದಿನ ಹಗುರ ಓಟ. ನಿಜವಾದ ಕಿಕ್ ಅಭ್ಯಾಸಕ್ಕೆ ಸಿಗುವುದು ಆ ದೊಡ್ಡ ದಿನ ಮತ್ತು ಅದರ ಕೊನೆಯ ಕಾಲುಗಂಟೆ. ಪಂದ್ಯಕ್ಕೂ ಪಂದ್ಯಕ್ಕೂ ನಡುವೆ ಆರೇ ದಿನ ಸಿಕ್ಕ ವಾರ ಅದೂ ಕರಗುತ್ತದೆ. ಹಾಗಾಗಿ ಕೈಯ ತಪ್ಪನ್ನು ಸೀಸನ್ನಿನ ಮಧ್ಯೆ ತಿದ್ದುವುದು ಕಷ್ಟ. ನವೆಂಬರಿನಲ್ಲಿ ಶುರುವಾಗುವ ಪೂರ್ವ ತಯಾರಿಯಲ್ಲೇ ಮುಗಿಸಬೇಕು. ಕ್ಲಬ್ಬಿಗೆ ಸೇರಿದ ಮೇಲೆ ಯಾರಾದರೂ ಸರಿಮಾಡುತ್ತಾರೆ ಎಂದು ಕಾಯುವ ಹದಿನೇಳರ ಹುಡುಗನಿಗೆ ನಾನು ಈ ವಾರದ ಪಟ್ಟಿಯನ್ನೇ ತೋರಿಸಿ ಸಮಯ ಎಲ್ಲಿದೆ ನೋಡು ಅನ್ನುತ್ತೇನೆ.

ದಣಿದ ಕಾಲಿನ ಅಭ್ಯಾಸವನ್ನು ಮರೆಯಬಾರದು. ತಾಜಾ ಕಾಲಿನಲ್ಲಿ ಎಲ್ಲರೂ ಚೆನ್ನಾಗಿ ಒದೆಯುತ್ತಾರೆ. ಪಂದ್ಯದ ಕಡೆಯ ಕ್ವಾರ್ಟರಿನಲ್ಲಿ ಕೈ ಮೇಲಿನಿಂದಲೇ ಚೆಂಡನ್ನು ಬಿಟ್ಟುಬಿಡುತ್ತದೆ, ಯಾಕೆಂದರೆ ಮೈ ಬಗ್ಗಲು ಒಪ್ಪುವುದಿಲ್ಲ. 150 ಮೀಟರ್ ಜೋರಾಗಿ ಓಡಿಸಿ, ಉಸಿರು ಸರಿಹೋಗುವ ಮುಂಚೆ 30 ಮೀಟರಿನಿಂದ ಒಂದು ಸೆಟ್ ಶಾಟ್. ಹೀಗೆ ಆರು ಸಲ. ಮಳೆಯ ದಿನ ಇದನ್ನೇ ಒದ್ದೆ ಚೆಂಡಿನಲ್ಲಿ. ಒದ್ದೆ ಚೆಂಡನ್ನು ಇನ್ನೂ ಕೆಳಗಿನವರೆಗೆ ಇಳಿಸಬೇಕು, ಓಟ ಚಿಕ್ಕದಾಗಿರಬೇಕು.

ಎಲ್ಲರಿಗೂ ಎಎಫ್‌ಎಲ್ ಆಟಗಾರ ಬ್ರೆಂಟ್ ಹಾರ್ವೆಯ 432 ಪಂದ್ಯಗಳ ಆಯುಷ್ಯ ಸಿಗುವುದಿಲ್ಲ. ಪಟ್ಟಿಯಿಂದ ಬಿಟ್ಟವರು ವಿಎಫ್‌ಎಲ್, ಸ್ಯಾನ್‌ಎಫ್‌ಎಲ್, ಡಬ್ಲ್ಯುಎಎಫ್‌ಎಲ್ ಎಂಬ ರಾಜ್ಯಗಳ ಲೀಗುಗಳಿಗೆ ಹೋಗುತ್ತಾರೆ, ಕೆಲವರು ಹಳ್ಳಿಯ ಕ್ಲಬ್ಬುಗಳಲ್ಲಿ ಆಡುತ್ತಲೇ ಕೋಚ್ ಆಗುತ್ತಾರೆ. ಒಳ್ಳೆಯ ಕಿಕ್ ಇದ್ದವನಿಗೆ ಇನ್ನೊಂದು ದಾರಿಯೂ ಇದೆ. ಎಎಫ್‌ಎಲ್ ಆಡಿದ್ದ ಡ್ಯಾರೆನ್ ಬೆನೆಟ್ 1995ರಲ್ಲಿ ಅಮೆರಿಕನ್ ಫುಟ್ಬಾಲ್ ತಂಡವಾದ ಸ್ಯಾನ್ ಡಿಯಾಗೊ ಚಾರ್ಜರ್ಸ್‌ಗೆ ಪಂಟರ್ (ಕೈಯಿಂದ ಬಿಟ್ಟ ಚೆಂಡನ್ನು ದೂರಕ್ಕೆ ಒದೆಯುವವ) ಆಗಿ ಆಡಲು ಶುರು ಮಾಡಿದ. ಸ್ಯಾವ್ ರೊಕ್ಕಾ ಮತ್ತು ಗೀಲಾಂಗ್ ತಂಡದ ಬೆನ್ ಗ್ರಹಾಂ ಮುಂದೆ ಅದೇ ದಾರಿ ಹಿಡಿದರು. ಈಗ ಮೆಲ್ಬರ್ನಿನಲ್ಲಿ ಪ್ರೊಕಿಕ್ ಎಂಬ ಸಂಸ್ಥೆ ಹುಡುಗರನ್ನು ತಯಾರು ಮಾಡಿ ಅಮೆರಿಕದ ಕಾಲೇಜುಗಳಿಗೆ ಕಳಿಸುತ್ತದೆ, ಓದಿನ ಖರ್ಚು ಕಾಲೇಜೇ ಭರಿಸುವ ವ್ಯವಸ್ಥೆಯಲ್ಲಿ. ಡ್ರಾಫ್ಟಿನಲ್ಲಿ ಹೆಸರು ಬರದ ಮಗನ ಬಗ್ಗೆ ಕೊರಗುವ ತಂದೆ ತಾಯಿಗೆ ಇದನ್ನು ಹೇಳುತ್ತೇನೆ. ಅಲ್ಲಿನ ಚೆಂಡು ನಮ್ಮದಕ್ಕಿಂತ ಮೊನಚು, ಮೈಮೇಲೆ ನುಗ್ಗಿ ಬರುವವರ ನಡುವೆ ಒದೆಯಲು ಸಿಗುವುದು ಒಂದೆರಡು ಸೆಕೆಂಡು ಮಾತ್ರ. ಅಲ್ಲಿಗೆ ಹೊರಟವನಿಗೂ ನನ್ನ ಮೊದಲ ಪಾಠ ಬಿಳಿ ಗೆರೆಯ ಮೇಲೆ ಚೆಂಡು ಇಳಿಸುವುದೇ.