ಹತ್ತು ಚಕ್ರ, ಹತ್ತು ಕಿಲೊ: ಮನೆಯಲ್ಲೇ ಕಟ್ಟಿ ರಿಮೋಟ್ ಟಿಪ್ಪರ್

ಅಂಗಡಿಯಲ್ಲಿ ಸಿಗುವ ರಿಮೋಟ್ ಟಿಪ್ಪರ್ ಕಪಾಟಿನಲ್ಲಿ ನಿಂತಿರುವಷ್ಟು ಹೊತ್ತು ಚೆಂದ. ಓಡಿಸಿದ ಕೂಡಲೇ ಬಣ್ಣ ಬಯಲಾಗುತ್ತದೆ. ಗುಂಡಿ ಒತ್ತಿದರೆ ಚಂಗನೆ ಜಿಗಿಯುತ್ತದೆ, ಬಾಡಿ ಎರಡು ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತದೆ, ಎರಡು ಹಿಡಿ ಮರಳು ಸುರಿದರೆ ಮೋಟಾರು ಮುಷ್ಕರ ಹೂಡುತ್ತದೆ. ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಿಂದ ಅಥವಾ ಲೋಕಾಪುರದ ಕಡೆಯ ಸುಣ್ಣದಕಲ್ಲಿನ ಗಣಿಗಳಿಂದ ಏರು ಹತ್ತಿ ಬರುವ ಗಾಡಿಯನ್ನು ಕಂಡವರಿಗೆ ಗೊತ್ತು, ಟಿಪ್ಪರಿನ ಗತ್ತು ಇರುವುದು ಅದರ ಭಾರದಲ್ಲಿ ಮತ್ತು ನಿಧಾನದಲ್ಲಿ. ಕೈಯಿಂದ ಮಾದರಿ ಕಟ್ಟುವವರು ಲೈಟು, ಸ್ಟಿಕ್ಕರುಗಳಿಗೆ ಮೊದಲು ಇವೆರಡನ್ನು ಒಲಿಸಿಕೊಳ್ಳಬೇಕು. ಅದಕ್ಕೆ ಬೇಕಿರುವುದು ದುಬಾರಿ ಸಾಮಾನಲ್ಲ, ಸ್ವಲ್ಪ ಲೆಕ್ಕ.

ಮೊದಲು ಟೇಪು, ಆಮೇಲೆ ಗರಗಸ

ಈ ಹವ್ಯಾಸದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ 1:14. ಮೋಟಾರು, ಬ್ಯಾಟರಿ, ಗೇರುಗಳೆಲ್ಲ ಒಳಗೆ ಹಿಡಿಯುವಷ್ಟು ದೊಡ್ಡದು, ಇಬ್ಬರು ಬೇಡದೆ ಒಬ್ಬರೇ ಎತ್ತುವಷ್ಟು ಚಿಕ್ಕದು. ನಿಮ್ಮೂರಿನಲ್ಲಿ ನಿಂತಿರುವ ಹತ್ತು ಚಕ್ರದ ಟಿಪ್ಪರನ್ನೇ ನಕ್ಷೆ ಎಂದುಕೊಳ್ಳಿ. ಚಾಲಕರಿಗೆ ವಿಷಯ ಹೇಳಿ ಕೇಳಿದರೆ ಬೇಡ ಎನ್ನುವವರು ಕಡಿಮೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಕ್ಲೀನರ್ ಹುಡುಗನೂ ಸಿಗುತ್ತಾನೆ. ಫೋಟೊ ತೆಗೆಯುವಾಗ ಮಾತ್ರ ದೂರ ನಿಂತು ಜೂಮ್ ಮಾಡಿ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕ್ಯಾಬಿನ್ ಉಬ್ಬಿ ಕಾಣುತ್ತದೆ, ಅಳತೆ ಕೆಡುತ್ತದೆ.

ಬಂದ ಪ್ರತಿಯೊಂದು ಉದ್ದವನ್ನೂ 14ರಿಂದ ಭಾಗಿಸಿ. ಎರಡೂವರೆ ಮೀಟರ್ ಅಗಲದ ಗಾಡಿ ಸುಮಾರು 179 ಮಿ.ಮೀ. ಆಗುತ್ತದೆ. 10.00-20 ಅಳತೆಯ ಟಯರಿನ ಎತ್ತರ ಸುಮಾರು 1,050 ಮಿ.ಮೀ.; ಮಾದರಿಯಲ್ಲಿ 75. ಇಷ್ಟನ್ನು ಎಲ್ಲರೂ ಮಾಡುತ್ತಾರೆ. ತೂಕಕ್ಕೆ ಬಂದಾಗ ತಪ್ಪುತ್ತಾರೆ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ ತೂಕವನ್ನು 14ರಿಂದಲ್ಲ, 14ರ ಘನವಾದ 2,744ರಿಂದ ಭಾಗಿಸಬೇಕು. ಹೇರು ತುಂಬಿದ 28 ಟನ್ನಿನ ಟಿಪ್ಪರ್ ಮಾದರಿಯಲ್ಲಿ 10.2 ಕಿಲೊ. ಅದರಲ್ಲಿ ಹೇರು 17 ಟನ್ ಎಂದು ಹಿಡಿದರೆ 6.2 ಕಿಲೊ ಹೇರಿಗೆ, ಸುಮಾರು 4 ಕಿಲೊ ಖಾಲಿ ಗಾಡಿಗೆ. ಈ ಎರಡು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಂಡು ಕೆಲಸಕ್ಕೆ ಕೂರಿ. ಪ್ಲಾಸ್ಟಿಕ್ಕಿನಲ್ಲೇ ಮಾಡಿದರೆ ಖಾಲಿ ಗಾಡಿಗೆ ಅಷ್ಟು ತೂಕ ಬರುವುದು ಕಷ್ಟ, ಹಾಗಾಗಿ ಚಾಸಿಗೆ ಉಕ್ಕೇ ಬೇಕು.

ವೇಗಕ್ಕೆ ಮತ್ತೆ ಬರೀ 14ರ ಲೆಕ್ಕ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ 11.1 ಮೀಟರ್, 14ರಿಂದ ಭಾಗಿಸಿದರೆ 0.79 ಮೀಟರ್. 75 ಮಿ.ಮೀ. ಟಯರಿನ ಸುತ್ತಳತೆ 236 ಮಿ.ಮೀ. ಆದ್ದರಿಂದ ಚಕ್ರ ನಿಮಿಷಕ್ಕೆ ಸುಮಾರು 200 ಸುತ್ತು ತಿರುಗಿದರೆ ಸಾಕು. ಅಂದರೆ ನಿಮ್ಮ ಟಿಪ್ಪರ್ ನಿಮ್ಮ ನಡಿಗೆಗಿಂತ ನಿಧಾನವಾಗಿ ಹೋಗಬೇಕು. ಮೊದಲ ಸಲ ಓಡಿಸುವವರಿಗೆ ಇದು ಬೇಸರ ಎನಿಸುತ್ತದೆ, ಹೇರು ತುಂಬಿದ ಮೇಲೆ ಎನಿಸುವುದಿಲ್ಲ.

ಚಾಸಿ ಮತ್ತು ಕಮಾನ್ ಪಟ್ಟಿ

ಬೆಳಗಾವಿಯವರಿಗೆ ಇಲ್ಲಿ ಒಂದು ಅನುಕೂಲವಿದೆ. ಫೌಂಡ್ರಿ, ಹೈಡ್ರಾಲಿಕ್ಸ್ ಕೆಲಸಕ್ಕೆ ಹೆಸರಾದ ಊರು ಇದು. ಉದ್ಯಮಬಾಗದಲ್ಲಿ ತಗಡು ಮಡಚುವವರು, ಲೇತ್ ನಡೆಸುವವರು ಕೈಗೆಟಕುವಷ್ಟು ಹತ್ತಿರದಲ್ಲಿದ್ದಾರೆ. ಆದರೆ ಒಂದೊಂದೇ ಬಿಡಿಭಾಗ ಹಿಡಿದು ದಿನಾ ಬಾಗಿಲು ಬಡಿದರೆ ಯಾವ ಟರ್ನರಿಗೂ ಇಷ್ಟವಾಗುವುದಿಲ್ಲ. ಹಬ್, ರಿಮ್, ಬುಷ್ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಮಿ.ಮೀ. ಅಳತೆ ಹಾಕಿ ಬರೆದುಕೊಂಡು ಹೋಗಿ. ಬೇರಿಂಗನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ಕಾಗದದ ಮೇಲಿನ 16 ಮಿ.ಮೀ.ಗಿಂತ ಕೈಯಲ್ಲಿರುವ ಬೇರಿಂಗನ್ನೇ ಟರ್ನರ್ ಹೆಚ್ಚು ನಂಬುತ್ತಾರೆ, ನಂಬಬೇಕಾದದ್ದೂ ಅದನ್ನೇ. 625 ನಂಬರಿನ ಬೇರಿಂಗ್ (ಒಳಗೆ 5, ಹೊರಗೆ 16, ದಪ್ಪ 5 ಮಿ.ಮೀ.) ಈ ಗಾಡಿಗೆ ಹೇಳಿಮಾಡಿಸಿದ್ದು.

ಚಾಸಿಯ ಉದ್ದದ ತೊಲೆಗಳಿಗೆ 1 ಮಿ.ಮೀ. ಉಕ್ಕಿನ ತಗಡನ್ನು ಸಿ ಆಕಾರದಲ್ಲಿ ಮಡಚಿಸಿ. ಎತ್ತರ 18 ಮಿ.ಮೀ., ಅಂಚು 7. ಅಂಚು ಇದಕ್ಕಿಂತ ಕಿರಿದಾದರೆ ಮಡಚುವ ಯಂತ್ರಕ್ಕೆ ಹಿಡಿತ ಸಿಗುವುದು ಕಷ್ಟ. ಎರಡೂ ತೊಲೆಗಳನ್ನು ಬೆನ್ನಿಗೆ ಬೆನ್ನು ಸೇರಿಸಿ ಕ್ಲ್ಯಾಂಪ್ ಹಾಕಿ, ಒಮ್ಮೆಗೇ ರಂಧ್ರ ಕೊರೆಯಿರಿ. ಬೇರೆಬೇರೆಯಾಗಿ ಕೊರೆದರೆ ಅರ್ಧ ಮಿ.ಮೀ. ಆಚೀಚೆ ಆಗಿಯೇ ಆಗುತ್ತದೆ, ಆಮೇಲೆ ಗಾಡಿ ನೆಟ್ಟಗೆ ಓಡುವುದಿಲ್ಲ. ಅಡ್ಡಪಟ್ಟಿಗಳನ್ನು 3 ಮಿ.ಮೀ. ಬೋಲ್ಟಿನಿಂದ ಜೋಡಿಸಿ, ಪೂರ್ತಿ ಬಿಗಿಯುವ ಮೊದಲು ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ಎರಡೂ ಸಮ ಬಂದರೆ ಚೌಕಟ್ಟು ಮಟ್ಟಸ.

ಕಮಾನ್ ಪಟ್ಟಿಗೆ (ಲೀಫ್ ಸ್ಪ್ರಿಂಗ್) ಹೊಸ ಸಾಮಾನು ಬೇಡ. ಭಾರೀ ಪೆಟ್ಟಿಗೆಗಳಿಗೆ ಬಿಗಿಯುವ ಉಕ್ಕಿನ ಪ್ಯಾಕಿಂಗ್ ಪಟ್ಟಿ ಗುಜರಿಯಲ್ಲಿ ಸಿಗುತ್ತದೆ, ದಪ್ಪ ಅರ್ಧ ಮಿ.ಮೀ. ಇದ್ದರೆ ಸರಿ. ತಗಡು ಕತ್ತರಿಯಿಂದ 8 ಮಿ.ಮೀ. ಅಗಲಕ್ಕೆ ಸೀಳಿ, ಅಂಚುಗಳಿಗೆ ಅರ ಹಾಕಿ. ಮೇಲಿನ ಉದ್ದನೆಯ ಎಲೆಯ ಎರಡೂ ತುದಿಯನ್ನು ಎರಡೂವರೆ ಮಿ.ಮೀ. ಡ್ರಿಲ್ ಬಿಟ್ಟಿನ ಸುತ್ತ ಸುತ್ತಿದರೆ ಕಣ್ಣು ಸಿದ್ಧ. ಕೆಳಗಿನ ಎಲೆಗಳು ಒಂದಕ್ಕಿಂತ ಒಂದು ಮೋಟು. ಎಷ್ಟು ಎಲೆ ಹಾಕಬೇಕು ಎಂಬುದನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಬೇಡಿ. ಚಾಸಿಯ ಮೇಲೆ ಆರು ಕಿಲೊ ಇಟ್ಟು ನೋಡಿ, ಪಟ್ಟಿಯ ಬಾಗು ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ ಒಂದು ಎಲೆ ತೆಗೆಯಿರಿ. ಹೆಚ್ಚಿನ ಮಾದರಿಗಳಲ್ಲಿ ಪಟ್ಟಿ ನೋಡಲಿಕ್ಕಷ್ಟೇ ಇರುತ್ತದೆ, ಮರದ ತುಂಡು ಕೂರಿಸಿದಷ್ಟು ಗಟ್ಟಿ. ಅಂಥ ಗಾಡಿ ಕಲ್ಲಿನ ಮೇಲೆ ಪುಟಿಯುತ್ತ ಹೋಗುತ್ತದೆ, ಎಷ್ಟು ಖರ್ಚು ಮಾಡಿದ್ದರೂ ಆಟಿಕೆಯಂತೆಯೇ ಕಾಣುತ್ತದೆ.

ಹಿಂದಿನ ಎರಡು ಆಕ್ಸಲ್‌ಗಳಿಗೆ ಬೇರೆಬೇರೆ ಪಟ್ಟಿ ಕಟ್ಟುವುದು ಬೇಡ. ಪಕ್ಕಕ್ಕೊಂದರಂತೆ ಪಟ್ಟಿಯ ಕಟ್ಟನ್ನು ತಲೆಕೆಳಗಾಗಿ ಇಟ್ಟು, ನಡುವೆ ಒಂದು ದಪ್ಪ ಪಿನ್ನಿನ ಮೇಲೆ ತೂಗುವಂತೆ ಮಾಡಿ, ಎರಡು ತುದಿಗೆ ಎರಡು ಆಕ್ಸಲ್ ಕೊಡಿ. ಒಂದು ಚಕ್ರ ಕಲ್ಲು ಹತ್ತಿದರೆ ಇನ್ನೊಂದು ತಾನೇ ನೆಲಕ್ಕೆ ಒತ್ತುತ್ತದೆ.

ಸ್ಟೀರಿಂಗ್ ಮತ್ತು ಎಳೆತ

ಮುಂದಿನ ಎರಡು ಚಕ್ರಗಳು ಒಂದೇ ಕೋನದಲ್ಲಿ ತಿರುಗಿದರೆ ತಿರುವಿನಲ್ಲಿ ಟಯರು ನೆಲಕ್ಕೆ ಉಜ್ಜುತ್ತದೆ. ಒಳಗಿನ ಚಕ್ರ ಹೆಚ್ಚು ತಿರುಗಬೇಕು. ಉಪಾಯ ಸುಲಭ: ಚಕ್ರ ಎಡಬಲಕ್ಕೆ ಹೊರಳುವ ಕೀಲಾದ ಕಿಂಗ್‌ಪಿನ್ನಿನಿಂದ ಸ್ಟೀರಿಂಗ್ ತೋಳಿನ ತುದಿಯ ಮೂಲಕ ಕಾಗದದ ಮೇಲೆ ಗೆರೆ ಎಳೆಯಿರಿ. ಎಡದ ಗೆರೆಯೂ ಬಲದ ಗೆರೆಯೂ ಹಿಂದಿನ ಎರಡು ಆಕ್ಸಲ್‌ಗಳ ನಟ್ಟನಡುವೆ ಕೂಡಬೇಕು. ಎರಡೂ ತೋಳುಗಳನ್ನು ಸೇರಿಸುವ ಜೋಡುಕಡ್ಡಿಗೆ ಸೈಕಲ್ಲಿನ ಸ್ಪೋಕ್ ಅತ್ಯುತ್ತಮ. ಅದರ ತುದಿಯಲ್ಲಿ ಮರೆ (ಥ್ರೆಡ್) ಇದೆ, ನಿಪ್ಪಲ್ ತಿರುಗಿಸಿ ಚಕ್ರದ ನೇರವನ್ನು ಕೂದಲೆಳೆಯಷ್ಟು ತಿದ್ದಬಹುದು. ತಿರುಗಿಸಲು ಲೋಹದ ಗೇರಿನ ಸರ್ವೊ (ಹೇಳಿದಷ್ಟೇ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರು) ಬೇಕು. ಎಂಜಿ996ಆರ್ ಮಾದರಿಯದ್ದು ಸಾಕು.

ಗೇರು ಮತ್ತು ಡಿಫರೆನ್ಷಿಯಲ್‌ಗಳನ್ನು (ತಿರುವಿನಲ್ಲಿ ಎಡಬಲದ ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಕೊಳ್ಳುವುದೇ ಜಾಣತನ ಎಂಬುದು ನನ್ನ ಖಚಿತ ಅಭಿಪ್ರಾಯ. ಎಲ್ಲವನ್ನೂ ನಾನೇ ಮಾಡಿದೆ ಎಂಬ ಹಮ್ಮಿಗೆ ಗೇರು ಕೊರೆಯಲು ಹೋಗಿ ಅರ್ಧಕ್ಕೇ ನಿಂತ ಗಾಡಿಗಳಿಗೆ ಲೆಕ್ಕವಿಲ್ಲ. ಆಕ್ಸಲ್ಲಿನ ಗೇರು 2:1 ಇದ್ದರೆ, ಚಕ್ರಕ್ಕೆ 200 ಸುತ್ತು ಬರಲು 12 ವೋಲ್ಟಿನ ಗೇರ್ ಮೋಟಾರು ನಿಮಿಷಕ್ಕೆ 400 ಸುತ್ತಿನದಾಗಿರಲಿ. ಮೋಟಾರಿನಿಂದ ಆಕ್ಸಲ್ಲಿಗೆ ಹೋಗುವ ಶಾಫ್ಟಿನ ಎರಡೂ ತುದಿಯ ಯೂನಿವರ್ಸಲ್ ಜಾಯಿಂಟ್‌ಗಳಲ್ಲಿ, ಶಾಫ್ಟಿಗೆ ಅಂಟಿದ ಕವಲುಗಳು ಒಂದೇ ಮಟ್ಟದಲ್ಲಿ ಇರಬೇಕು. ಒಂದು ಅಡ್ಡ, ಒಂದು ಉದ್ದ ಕೂರಿಸಿದರೆ ಗಾಡಿ ನಡುಗುತ್ತ ಓಡುತ್ತದೆ.

ಟಯರಿಗೆ ರಬ್ಬರಿನಂಥ ಟಿಪಿಯು ಎಳೆಯಲ್ಲಿ 3ಡಿ ಪ್ರಿಂಟ್ ಮಾಡಿಸಿ, ಒಳಗೆ ಸ್ಪಂಜು ತುಂಬಿ. ರಿಮ್ ಮಾತ್ರ ಉಕ್ಕಿನದೇ ಇರಲಿ, ತೂಕ ಕೆಳಗಿದ್ದಷ್ಟೂ ಗಾಡಿ ಉರುಳುವ ಭಯ ಕಡಿಮೆ.

ಬಾಡಿ ಎತ್ತುವ ಲೆಕ್ಕ

ಇಡೀ ಗಾಡಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದೊಂದೇ. ಬಾಡಿಯ ಒಳಅಳತೆ 314 × 164 × 100 ಮಿ.ಮೀ. ಇರಲಿ. ಅದರಲ್ಲಿ 5.1 ಲೀಟರ್ ಹಿಡಿಯುತ್ತದೆ. ನಿಜದ ಗಾಡಿಯ 14 ಘನ ಮೀಟರಿಗೆ ಇದು ಸರಿಸಮ. ಈಗ ತಮಾಷೆ ನೋಡಿ. ಜೋಳ ತುಂಬಿದರೆ ನಾಲ್ಕು ಕಿಲೊ ಒಳಗೇ ಆಗುತ್ತದೆ. ಮರಳು ತುಂಬಿದರೆ ಎಂಟು ಕಿಲೊ ದಾಟುತ್ತದೆ, ನಮ್ಮ ಮಿತಿಯೋ 6.2. ಹೆದ್ದಾರಿಯ ತೂಕಸೇತುವೆಯ ಬಳಿ ಮರಳಿನ ಟಿಪ್ಪರುಗಳು ಯಾಕೆ ಸಿಕ್ಕಿಬೀಳುತ್ತವೆ ಎಂಬುದನ್ನು ಮಾದರಿಯೇ ತೋರಿಸಿಕೊಡುತ್ತದೆ. ಹಾಗಾಗಿ ಮರಳು ಮುಕ್ಕಾಲು ಬಾಡಿಯಷ್ಟೇ.

ಬಾಡಿ ಮತ್ತು ಹೇರು ಸೇರಿ 7 ಕಿಲೊ. ಅದರ ಭಾರಕೇಂದ್ರ ಹಿಂಜಿನಿಂದ 15 ಸೆಂ.ಮೀ. ಮುಂದಿದೆ. ಬಾಡಿ ಎತ್ತುವುದು ಮೋಟಾರು ತಿರುಗಿಸುವ ಒಂದು ಉದ್ದನೆಯ ಸ್ಕ್ರೂ. ಅದು ಹಿಂಜಿನಿಂದ 16 ಸೆಂ.ಮೀ. ದೂರದಲ್ಲಿ ಬಾಡಿಯನ್ನು ಹಿಡಿದಿದೆ ಎನ್ನಿ. ಸ್ಕ್ರೂ ನೆಟ್ಟಗೆ ಮೇಲಕ್ಕೆ ನೂಕಿದರೆ ಏಳು ಕಿಲೊ ಬಲವೇ ಸಾಕು. ಆದರೆ ಚಾಸಿಯೊಳಗೆ ಜಾಗ ಎಲ್ಲಿದೆ? ಅದು ಮಲಗಿಯೇ ಇರಬೇಕು. ಬಾಡಿಗೂ ಸ್ಕ್ರೂಗೂ ನಡುವಿನ ಕೋನ 10 ಡಿಗ್ರಿ ಇದ್ದರೆ 38 ಕಿಲೊ ಬಲ ಬೇಕು, 20 ಡಿಗ್ರಿಗೆ 19 ಸಾಕು, 30 ಡಿಗ್ರಿಗೆ 13. ಬಾಡಿ ಮೇಲೇಳುತ್ತ ಹೋದಂತೆ ಬಲ ಕಡಿಮೆಯಾಗುತ್ತದೆ, ಕಷ್ಟವೆಲ್ಲ ಮೊದಲ ಬೆರಳಷ್ಟು ಎತ್ತುವುದರಲ್ಲೇ. ಬಾಡಿ ಏಳುತ್ತಿಲ್ಲ ಎಂದು ದೊಡ್ಡ ಮೋಟಾರು ಹುಡುಕುವವರು ಸ್ಕ್ರೂವಿನ ಕೆಳತುದಿಯನ್ನು ಎರಡು ಸೆಂ.ಮೀ. ಕೆಳಗಿಳಿಸಿದರೆ ಕೆಲಸ ಮುಗಿಯುತ್ತದೆ. ಚಾಸಿಯ ತೊಲೆಯ ಕೆಳಗೆ ಒಂದು ಯು ಆಕಾರದ ಪಟ್ಟಿ ತೂಗುಬಿಟ್ಟು ಅದರಲ್ಲಿ ಪಿನ್ ಹಾಕಿ. 20 ಡಿಗ್ರಿ ಸಿಗುತ್ತದೆ, 45 ಮಿ.ಮೀ. ಚಾಚಿದರೆ ಬಾಡಿ 45 ಡಿಗ್ರಿ ಏಳುತ್ತದೆ.

ಸ್ಕ್ರೂ ಕೊಳ್ಳುವಾಗ ಎಚ್ಚರ. 3ಡಿ ಪ್ರಿಂಟರುಗಳಿಗೆ ಮಾರುವ 8 ಮಿ.ಮೀ. ಸ್ಕ್ರೂಗಳಲ್ಲಿ ಮುಖ್ಯವಾಗಿ ಎರಡು ಬಗೆ: ಒಂದು ಸುತ್ತಿಗೆ 8 ಮಿ.ಮೀ. ಸರಿಯುವುದು, 2 ಮಿ.ಮೀ. ಸರಿಯುವುದು. ನೋಡಲು ಒಂದೇ ಥರ. ಮೊದಲನೆಯದನ್ನು ಹಾಕಿದರೆ ಹೇರಿನ ಭಾರಕ್ಕೆ ಸ್ಕ್ರೂ ತಾನೇ ಹಿಂದೆ ತಿರುಗಿ ಬಾಡಿ ಇಳಿದುಬಿಡುತ್ತದೆ. ಎರಡನೆಯದು ನಿಲ್ಲಿಸಿದಲ್ಲಿ ನಿಲ್ಲುತ್ತದೆ. ಅದಕ್ಕೆ ನಿಮಿಷಕ್ಕೆ 100 ಸುತ್ತಿನ ಗೇರ್ ಮೋಟಾರು ಕೊಟ್ಟರೆ 13–14 ಸೆಕೆಂಡಿನಲ್ಲಿ ಬಾಡಿ ಪೂರ್ತಿ ಏಳುತ್ತದೆ. ಆ ನಿಧಾನವೇ ನಮಗೆ ಬೇಕಾದದ್ದು.

ಹೈಡ್ರಾಲಿಕ್ ಯಾಕೆ ಬೇಡ ಎಂದು ಬೆಳಗಾವಿಯ ಓದುಗರು ಕೇಳದೇ ಬಿಡುವುದಿಲ್ಲ. ಬೇಡ ಎಂದಲ್ಲ, ಮೊದಲ ಗಾಡಿಗೆ ಬೇಡ. 10 ಮಿ.ಮೀ. ಒಳವ್ಯಾಸದ ಸಿಲಿಂಡರ್ 20 ಬಾರ್ ಒತ್ತಡದಲ್ಲಿ ಸುಮಾರು 16 ಕಿಲೊ ನೂಕುತ್ತದೆ. ಮೇಲಿನ ಲೆಕ್ಕಕ್ಕೆ ಎರಡು ಸಿಲಿಂಡರ್ ಬೇಕು, ಜೊತೆಗೆ ಪಂಪು, ವಾಲ್ವು, ಟ್ಯಾಂಕು. ಸೋರದಂತೆ ತಡೆಯುವ ಒಂದು ಓ-ರಿಂಗ್ ಕೈಕೊಟ್ಟರೆ ಎಣ್ಣೆಯೆಲ್ಲ ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ಮೇಲೆ ಸುರಿಯುತ್ತದೆ.

ಹಿಂಬಾಗಿಲನ್ನು ಮೇಲ್ತುದಿಯಲ್ಲಿ ಹಿಂಜು ಹಾಕಿ ತೂಗುಬಿಡಿ. ಕೆಳಗೊಂದು ಕೊಕ್ಕೆ, ಅದರಿಂದ ಚಾಸಿಗೆ ಒಂದು ತೆಳು ತಂತಿ. ಬಾಡಿ ಏಳುತ್ತಿದ್ದಂತೆ ತಂತಿ ಬಿಗಿದು ಕೊಕ್ಕೆ ತಾನೇ ಬಿಡುತ್ತದೆ. ಇದಕ್ಕೆ ಇನ್ನೊಂದು ಸರ್ವೊ ಹಾಕುವುದು ದುಂದು.

ತಂತಿ ಜೋಡಣೆ

2.4 ಗಿಗಾಹರ್ಟ್ಸ್‌ನ ಆರು ಚಾನಲಿನ ರಿಮೋಟ್ ತೆಗೆದುಕೊಳ್ಳಿ. ಒಂದು ಚಾನಲ್ ಸ್ಟೀರಿಂಗಿಗೆ, ಒಂದು ಓಟಕ್ಕೆ, ಒಂದು ಬಾಡಿಗೆ, ಉಳಿದವು ಲೈಟು, ಹಾರ್ನಿಗೆ. ಮೋಟಾರು ಎರಡಿರುವುದರಿಂದ ಹಿಂದೆ-ಮುಂದೆ ಓಡಿಸುವ ಸ್ಪೀಡ್ ಕಂಟ್ರೋಲರೂ ಎರಡು ಬೇಕು. ಎರಡರಿಂದಲೂ ರಿಸೀವರಿಗೆ 5 ವೋಲ್ಟಿನ ಕೆಂಪು ತಂತಿ ಬರುತ್ತದೆ. ಎರಡನ್ನೂ ಕನೆಕ್ಟರಿನಿಂದ ಹೊರತೆಗೆದು ಟೇಪ್ ಸುತ್ತಿ. ಸರ್ವೊ ಬಿಗಿದು ನಿಂತಾಗ ಎರಡು ಆಂಪಿಯರ್ ಮೀರಿ ಎಳೆಯುತ್ತದೆ, ಸಣ್ಣ ಕಂಟ್ರೋಲರಿಗೆ ಅಷ್ಟು ತಾಳಿಕೆ ಇರುವುದಿಲ್ಲ. ರಿಸೀವರ್ ಕ್ಷಣಕಾಲ ಆರಿಹೋಗಿ ಗಾಡಿ ಮಂಕಾಗುತ್ತದೆ, ದೂರು ಮಾತ್ರ ರಿಮೋಟಿನ ಮೇಲೆ. ಬ್ಯಾಟರಿಯಿಂದಲೇ ನೇರ 5 ವೋಲ್ಟ್, 5 ಆಂಪಿಯರ್ ಕೊಡುವ ಪ್ರತ್ಯೇಕ ಯುಬಿಇಸಿ ಹಾಕಿದರೆ ಈ ರಗಳೆ ಇಲ್ಲ.

ಬಾಡಿಯ ಮೋಟಾರಿಗೆ ಎರಡು ಮೈಕ್ರೊ ಸ್ವಿಚ್ ಕಡ್ಡಾಯ, ಪೂರ್ತಿ ಎದ್ದಾಗ ಒಂದು, ಇಳಿದಾಗ ಒಂದು ವಿದ್ಯುತ್ತು ಕತ್ತರಿಸಲು. ಪ್ರತಿ ಸ್ವಿಚ್ಚಿನ ಎರಡು ಕಾಲುಗಳ ನಡುವೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್ ಬೆಸೆಯಿರಿ. ತುದಿ ಮುಟ್ಟಿ ನಿಂತ ಮೋಟಾರು ಹಿಮ್ಮುಖವಾಗಿ ಹೊರಡಲು ದಾರಿ ಸಿಗುವುದು ಅದರಿಂದಲೇ. ಡಯೋಡ್ ತಿರುವುಮುರುವಾದರೆ ಸ್ವಿಚ್ ಒತ್ತಿದರೂ ಮೋಟಾರು ನಿಲ್ಲುವುದಿಲ್ಲ, ಆದ್ದರಿಂದ ಸ್ಕ್ರೂ ಜೋಡಿಸುವ ಮೊದಲೇ ಬೆರಳಿನಿಂದ ಸ್ವಿಚ್ ಒತ್ತಿ ಪರೀಕ್ಷಿಸಿ. ರಿಮೋಟಿನ ಸಂಪರ್ಕ ತಪ್ಪಿದರೆ ಗಾಡಿ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸುವುದನ್ನೂ ಮರೆಯಬೇಡಿ. ಹತ್ತು ಕಿಲೊ ಕಾಲ್ಬೆರಳಿಗೆ ಹಗುರವಲ್ಲ.

ಕ್ಯಾಬಿನ್, ನಂಬರು, ಓಟ

ಕ್ಯಾಬಿನ್ನಿಗೆ ರಟ್ಟಿನಲ್ಲಿ ಒಮ್ಮೆ ಕತ್ತರಿಸಿ ಜೋಡಿಸಿ ನೋಡಿ, ಹಿಡಿಸಿದರೆ ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ. ಲೋಹಕ್ಕೆ ಮೊದಲು ಪ್ರೈಮರ್, ಆಮೇಲೆ ಬಣ್ಣ. ನಂಬರ್ ಪ್ಲೇಟು ಹಳದಿ, ಅಕ್ಷರ ಕಪ್ಪು: ಬೆಳಗಾವಿಗೆ ಕೆಎ 22, ವಿಜಯಪುರಕ್ಕೆ 28, ಬಾಗಲಕೋಟೆಗೆ 29, ಜಮಖಂಡಿಗೆ 48, ಗೋಕಾಕಕ್ಕೆ 49. ಮುಂದಿನ ನಾಲ್ಕು ಅಂಕಿಗೆ ಸೊನ್ನೆಗಳೇ ಇರಲಿ, ಯಾರದೋ ಗಾಡಿಯ ನಂಬರು ನಮಗೇಕೆ.

ಮೊದಲ ಓಟ ಖಾಲಿ ಗಾಡಿಯಲ್ಲಿ, ಗಟ್ಟಿ ನೆಲದ ಮೇಲೆ. ನಂತರ ಎರಡೆರಡು ಕಿಲೊ ಏರಿಸುತ್ತ ಹೋಗಿ, ಪ್ರತಿ ಸಲವೂ ಮೋಟಾರನ್ನು ಮುಟ್ಟಿ ನೋಡಿ. ಬೆರಳು ಇಡಲಾಗದಷ್ಟು ಬಿಸಿಯಾದರೆ ಗೇರಿನ ಅನುಪಾತ ಬದಲಿಸಬೇಕೆಂದು ಅರ್ಥ. ಎರೆಹೊಲದಲ್ಲಿ ಓಡಿಸುವುದಾದರೆ ಬೇಸಿಗೆಯಲ್ಲಿ ಮಾತ್ರ. ಒಂದು ಮಳೆ ಬಿದ್ದರೂ ಆ ಮಣ್ಣು ಜೋಡಿ ಚಕ್ರಗಳ ಸಂದಿಯಲ್ಲಿ ಗಟ್ಟಿಯಾಗಿ ಕೂತು ಆಕ್ಸಲ್ ಬಿಚ್ಚುವವರೆಗೆ ಬಿಡುವುದಿಲ್ಲ. ಖಾನಾಪುರದ ಕಡೆಯ ಕೆಂಪು ಜಂಬಿಟ್ಟಿಗೆ ನೆಲ ಇದಕ್ಕೆ ಎಷ್ಟೋ ವಾಸಿ. ಬಾಡಿ ಎತ್ತುವಾಗ ಗಾಡಿ ಪಕ್ಕಕ್ಕೆ ವಾಲಿರಕೂಡದು. ಮರಳು ಒದ್ದೆಯಾಗಿದ್ದರೆ ಮೇಲಿನ ಮೂಲೆಯಲ್ಲೇ ಅಂಟಿಕೊಂಡು ಗಾಡಿ ಮಗುಚುತ್ತದೆ, ದೊಡ್ಡ ಟಿಪ್ಪರುಗಳು ಮಗುಚುವುದೂ ಹೀಗೆಯೇ.

ಆಟ ಮುಗಿದ ಮೇಲೆ ಬ್ಯಾಟರಿಯನ್ನು ಗಾಡಿಯೊಳಗೆ ಬಿಡಬೇಡಿ. 11.1 ವೋಲ್ಟಿನ ಲಿಪೊ (ಲಿಥಿಯಂ ಪಾಲಿಮರ್) ಆಗಿದ್ದರೆ ಒಂದೊಂದು ಸೆಲ್ಲನ್ನೂ 3.8 ವೋಲ್ಟಿಗೆ ತಂದು, ಮಕ್ಕಳ ಕೈಗೆ ಸಿಗದ ಕಡೆ, ಬೆಂಕಿ ಹಿಡಿಯುವ ವಸ್ತುಗಳಿಂದ ದೂರ, ಲೋಹದ ಡಬ್ಬಿಯಲ್ಲಿ ಇಡಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.